ಫೋಟೊ ಹಾಕಲೋ, ವಿಡಿಯೊ ಹಾಕಲೋ? ಕಾರವಾರದಿಂದ ಶಿರಸಿಯವರೆಗೆ ಒಂದು ಹೋಲಿಕೆ

ಪ್ರವಾಸ ಲೇಖನಕ್ಕೆ ಫೋಟೊ ಒಳ್ಳೆಯದೋ ವಿಡಿಯೊ ಒಳ್ಳೆಯದೋ ಎಂದು ಯಾರಾದರೂ ಕೇಳಿದರೆ, ಎಲ್ಲಿಗೆ ಹೋಗಿದ್ದಿರಿ, ಅಲ್ಲಿ ಏನು ನಡೆಯುತ್ತಿತ್ತು ಎಂದು ನಾನು ತಿರುಗಿ ಕೇಳುತ್ತೇನೆ. ಈ ಪರೀಕ್ಷೆಗೆ ಉತ್ತರ ಕನ್ನಡ ಹೇಳಿ ಮಾಡಿಸಿದ ಜಿಲ್ಲೆ. ಬೆಳಿಗ್ಗೆ ಕಡಲು, ಮಧ್ಯಾಹ್ನ ಘಟ್ಟ, ಸಂಜೆಗೆ ಅಡಿಕೆ ತೋಟ. ಕೆಲವು ವರ್ಷಗಳಿಂದ ಒಂದೇ ಜಾಗವನ್ನು ಎರಡೂ ಬಗೆಯಲ್ಲಿ ಹಿಡಿದು, ಬರೆಹದ ನಡುವೆ ಇಟ್ಟು ನೋಡುತ್ತಿದ್ದೇನೆ. ಸಲಕರಣೆ ದೊಡ್ಡದೇನಲ್ಲ: ಮಧ್ಯಮ ಬೆಲೆಯ ಮೊಬೈಲ್, ಹಳೆಯದೊಂದು ಕ್ಯಾಮೆರಾ, ಚೀಲದಲ್ಲಿ ಹಿಡಿಸುವ ಟ್ರೈಪಾಡ್. ನನ್ನ ವಾಕ್ಯ ಹೇಳಲಾರದ್ದನ್ನು ಚಿತ್ರ ಹೇಳುತ್ತದೆಯೇ ಎಂಬುದಷ್ಟೇ ಅಳತೆಗೋಲು. ಹೇಳದಿದ್ದರೆ, ಎಷ್ಟೇ ಚೆಂದವಿರಲಿ, ಅದಕ್ಕೆ ಲೇಖನದಲ್ಲಿ ಜಾಗವಿಲ್ಲ.

ಯಾಣದಲ್ಲಿ ಫೋಟೊ ಗೆದ್ದಿತು, ಅದೂ ಭಾರಿ ಅಂತರದಿಂದ. ಅಲ್ಲಿನ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ, ಮೋಹಿನಿ ಶಿಖರ ಸುಮಾರು 90 ಮೀಟರ್. ಮೊಬೈಲನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಎತ್ತುತ್ತ ವಿಡಿಯೊ ಮಾಡುವುದು ಅಲ್ಲಿಗೆ ಬಂದವರೆಲ್ಲರ ವಾಡಿಕೆ. ಮನೆಗೆ ಬಂದು ನೋಡಿದರೆ ಕಪ್ಪು ಕಲ್ಲು, ಮತ್ತಷ್ಟು ಕಪ್ಪು ಕಲ್ಲು, ಕೊನೆಗೆ ಸುಟ್ಟುಹೋದ ಬಿಳಿ ಆಕಾಶ. ಬಂಡೆ ಸುಣ್ಣಕಲ್ಲಿನದಾದರೂ ಬಣ್ಣ ಅಚ್ಚ ಕಪ್ಪು. ಹಿಂದಿನ ಬಾನೋ ಕಣ್ಣು ಕುಕ್ಕುವಷ್ಟು ಪ್ರಖರ. ವಿಡಿಯೊದಲ್ಲಿ ಮೊಬೈಲ್ ಎರಡರಲ್ಲಿ ಒಂದನ್ನು ಬಿಟ್ಟುಕೊಡುತ್ತದೆ, ನಡುನಡುವೆ ಬೆಳಕು ತಾನಾಗಿಯೇ ಏರಿಳಿಯುತ್ತದೆ. ಫೋಟೊ ತೆಗೆಯುವಾಗ ಎಚ್‌ಡಿಆರ್ ಇದ್ದರೆ ಬೇರೆ ಬೇರೆ ಬೆಳಕಿನ ಹಲವು ಚಿತ್ರಗಳನ್ನು ಕೂಡಿಸಿ ಎರಡನ್ನೂ ಉಳಿಸಿಕೊಡುತ್ತದೆ. ಇದು ತಂತ್ರದ ಮಾತು. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಪಕ್ಕದಲ್ಲಿ ಗೊತ್ತಿರುವ ಅಳತೆಯದೊಂದು ಇಲ್ಲದೆ ಎತ್ತರ ಕಣ್ಣಿಗೆ ತಿಳಿಯುವುದಿಲ್ಲ. ನನಗೆ ಸಿಕ್ಕ ಒಳ್ಳೆಯ ಚಿತ್ರದಲ್ಲಿ ಕೆಂಪು ಸೀರೆಯ ಅಜ್ಜಿಯೊಬ್ಬರು ದೇವರಿಗೆ ಕೈಮುಗಿದು ಮೆಟ್ಟಿಲಿಳಿಯುತ್ತಿದ್ದಾರೆ. ಚೌಕಟ್ಟಿನ ತಳದಲ್ಲಿ ಅವರು ಉಗುರಿನಷ್ಟು, ಉಳಿದದ್ದೆಲ್ಲ ಬಂಡೆ. ಓದುಗರು ಅಜ್ಜಿಯನ್ನು ಹುಡುಕಿ, ಆಮೇಲೆ ಕಣ್ಣೆತ್ತಿ ಮೇಲೆ ನೋಡುತ್ತಾರೆ. ಎಷ್ಟು ಹೊತ್ತು ನೋಡಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ವಿಡಿಯೊದಲ್ಲಿ ಆ ಹಿಡಿತ ನನ್ನ ಕೈಯಲ್ಲಿರುತ್ತದೆ.

ಸಹಸ್ರಲಿಂಗದ್ದೂ ಇದೇ ತೀರ್ಪು. ಶಾಲ್ಮಲೆಯ ನೀರು ಇಳಿದ ಮೇಲೆ ಬಂಡೆಗಳ ಮೇಲಿನ ಲಿಂಗ, ನಂದಿಗಳು ಹೊರಬೀಳುತ್ತವೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬಿದ್ದರೆ ಕೆತ್ತನೆಯ ಗೆರೆಗೆರೆಯೂ ಎದ್ದು ಕಾಣುತ್ತದೆ. ನಡುಹಗಲಿನಲ್ಲಿ ಹೋದರೆ ಫೋಟೊ, ವಿಡಿಯೊ ಎರಡೂ ದಂಡ.

ಜಲಪಾತದಲ್ಲಾದರೂ ವಿಡಿಯೊ ಗೆಲ್ಲಬೇಕು ಎಂದು ನಂಬಿಯೇ ಉಂಚಳ್ಳಿಗೆ ಹೋದದ್ದು. ಅಘನಾಶಿನಿ ಅಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. ಸುತ್ತಲಿನವರು ಕೆಪ್ಪ ಜೋಗ ಎಂದೂ ಕರೆಯುತ್ತಾರೆ. ಎದೆಗೆ ಗುದ್ದುವ ಆ ಮೊರೆತ ಮೊಬೈಲಿನ ಮೈಕಿಗೆ ಬರುವಷ್ಟರಲ್ಲಿ ಕೇಬಲ್ ಕಿತ್ತ ಟೀವಿಯ ಸದ್ದಾಗುತ್ತದೆ. ದೊಡ್ಡ ಶಬ್ದವನ್ನು ತಾನಾಗಿ ತಗ್ಗಿಸುವಂತೆ ಮೊಬೈಲ್ ರೂಪುಗೊಂಡಿದೆ, ಅದರ ತಪ್ಪಲ್ಲ. ನೋಡುವ ಜಾಗ ದೂರವಿರುವುದರಿಂದ ಜೂಮ್ ಮಾಡಿದರೆ ಕೈನಡುಕವೆಲ್ಲ ತೆರೆಯ ಮೇಲೆ ಬರುತ್ತದೆ. ಹಾಗೆಂದು ಫೋಟೊ ಇಲ್ಲಿ ಸುಲಭವಾಗಿ ಗೆಲ್ಲಲಿಲ್ಲ. ಟ್ರೈಪಾಡ್ ಮೇಲಿಟ್ಟು ಅರ್ಧ ಸೆಕೆಂಡ್ ಷಟರ್ ತೆರೆದರೆ ನೀರು ಹಾಲಿನ ಹಾಸಾಗುತ್ತದೆ. ಕ್ಯಾಲೆಂಡರಿಗೆ ಅದು ಒಪ್ಪುತ್ತದೆ, ನನಗೆ ಒಪ್ಪುವುದಿಲ್ಲ. ಬೀಳುವ ನೀರಿನ ರಭಸವೇ ಅದರಲ್ಲಿ ಮಾಯ. ಸೆಕೆಂಡಿನ ಐನೂರನೇ ಒಂದು ಭಾಗಕ್ಕೆ ಇಳಿಸಿದರೆ ನೀರು ಮುದ್ದೆ ಮುದ್ದೆಯಾಗಿ ಒಡೆದು ಬೀಳುವುದು ಕಾಣುತ್ತದೆ, ಲೇಖನಕ್ಕೆ ನಾನು ಆರಿಸಿಕೊಳ್ಳುವುದು ಅದನ್ನೇ.

ಆದರೆ ಮಳೆಗಾಲದ ಉಂಚಳ್ಳಿಗೆ ಇನ್ನೊಂದು ಮುಖವಿದೆ. ಮಂಜು ಕವಿದು ಎದುರಿಗೆ ಏನೂ ಕಾಣುವುದಿಲ್ಲ. ಕಾಯುತ್ತ ನಿಂತಿದ್ದರೆ ಒಮ್ಮೆಗೇ ತೆರೆದುಕೊಂಡು, ಜಲಪಾತ ಪೂರ್ತಿ ಕಂಡು, ಮತ್ತೆ ಮುಚ್ಚಿಹೋಗುತ್ತದೆ. ಕ್ಯಾಮೆರಾವನ್ನು ಅಲುಗಿಸದೆ ಹಿಡಿದ ಈ ತುಣುಕನ್ನು ನಾನು ತೆಗೆದ ಯಾವ ಜಲಪಾತದ ಫೋಟೊಕ್ಕೂ ಬಿಟ್ಟುಕೊಡುವುದಿಲ್ಲ. ಉಂಚಳ್ಳಿಯಲ್ಲಿ ಸರಿಸಮ ಎನ್ನೋಣ.

ವಿಡಿಯೊ ಇಲ್ಲದೆ ಆಗುವುದೇ ಇಲ್ಲ ಎಂಬ ಸಂಗತಿ ಶಿರಸಿ ಸೀಮೆಯ ಅಡುಗೆಮನೆಯಲ್ಲಿ ಸಿಕ್ಕಿತು. ತೊಡೆದೇವು ಎಂಬ ತೆಳ್ಳನೆಯ ಸಿಹಿತಿಂಡಿಯ ಫೋಟೊ ಎಷ್ಟು ಚೆನ್ನಾಗಿ ತೆಗೆದರೂ ತಟ್ಟೆಯಲ್ಲಿ ಮಡಿಸಿಟ್ಟ ಕಂದು ಕಾಗದದಂತೆ ಕಾಣುತ್ತದೆ. ಬಯಲುಸೀಮೆಯ ಓದುಗರು ಅದನ್ನು ದೋಸೆ ಎಂದುಕೊಂಡು ಮುಂದೆ ಹೋಗುತ್ತಾರೆ. ಅದರ ಬೆರಗೆಲ್ಲ ಮಾಡುವ ಕೈಯಲ್ಲಿದೆ. ಒಲೆಯ ಮೇಲೆ ಬೋರಲು ಹಾಕಿದ ಮಡಕೆ. ಕಬ್ಬಿನ ಹಾಲಿನಲ್ಲಿ ನೀರಾಗಿ ಕಲಸಿದ ಅಕ್ಕಿ ಹಿಟ್ಟು. ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಮಡಕೆಯ ಉಬ್ಬಿದ ಬೆನ್ನಿನ ಮೇಲೆ ಒಂದೇ ಎಳೆತಕ್ಕೆ ತೊಡೆಯುತ್ತಾರೆ. ಚುರ್ ಎನ್ನುತ್ತದೆ, ಅಂಚು ತಾನಾಗಿ ಮೇಲೇಳುತ್ತದೆ, ಬೆರಳ ತುದಿಯಿಂದ ಬಿಡಿಸಿ ಗರಿಯಾಗುವ ಮೊದಲೇ ಮಡಿಸಿಬಿಡುತ್ತಾರೆ. ಇದನ್ನು ನಾನು ವಾಕ್ಯದಲ್ಲಿ ಬರೆದು ನೋಡಿದೆ, ಫೋಟೊಗಳ ಸಾಲಿನಲ್ಲಿ ಇಟ್ಟು ನೋಡಿದೆ. ಎರಡರಲ್ಲೂ ವೇಗ ಬರಲಿಲ್ಲ. ಇಪ್ಪತ್ತು ಸೆಕೆಂಡಿನ ವಿಡಿಯೊ ಎಲ್ಲವನ್ನೂ ಹೇಳಿ ಮುಗಿಸಿತು.

ಆ ವಿಡಿಯೊ ಚೆನ್ನಾಗಿ ಬಂದದ್ದರಲ್ಲಿ ತೊಡೆಯುತ್ತಿದ್ದ ಅತ್ತಿಗೆಯ ಪಾಲೂ ಇದೆ. “ತಮಾ, ಕೈ ಮಾತ್ರ ತೆಗೆ. ಹೊಗೆಗೆ ಕಣ್ಣು ಕೆಂಪಾಗಿದೆ, ಮುಖ ಬೇಡ” ಎಂದರು. ಮೊಬೈಲನ್ನು ಅವರ ಹೆಗಲ ಪಕ್ಕದಿಂದ ಕೆಳಮುಖವಾಗಿ ಹಿಡಿದೆ. ಅವರ ಕಣ್ಣಿಗೆ ಮಡಕೆ ಹೇಗೆ ಕಾಣುತ್ತದೋ ನೋಡುಗರಿಗೂ ಹಾಗೆಯೇ ಕಂಡಿತು. ಹಿನ್ನೆಲೆ ಸಂಗೀತ ಸೇರಿಸಲಿಲ್ಲ. ಚುರ್ ಎನ್ನುವ ಸದ್ದಿನ ಮೇಲೆ ಕೊಳಲು ಹೊಯ್ಯುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಯಕ್ಷಗಾನದಲ್ಲಿ ಪಾಲು ಮಾಡಿಕೊಡಬೇಕಾಯಿತು: ವೇಷ ಕಟ್ಟುವ ಚೌಕಿ ಫೋಟೊಕ್ಕೆ, ಕುಣಿಯುವ ರಂಗಸ್ಥಳ ವಿಡಿಯೊಕ್ಕೆ. ಚೌಕಿಯಲ್ಲಿ ಕೇದಗೆ ಮುಂದಲೆ ಎಂಬ ತಲೆಯ ವೇಷ ಕಟ್ಟಿಕೊಳ್ಳುತ್ತ, ಕೈಗನ್ನಡಿಯಲ್ಲಿ ಹುಬ್ಬು ತೀಡುತ್ತ ಕುಳಿತ ಕಲಾವಿದರ ಏಕಾಗ್ರತೆ ನಿಂತ ಚಿತ್ರದಲ್ಲೇ ಚೆನ್ನ. ರಂಗಸ್ಥಳದಲ್ಲಿ ಚಂಡೆಯ ಪೆಟ್ಟಿಗೂ ಹೆಜ್ಜೆಗೂ ಇರುವ ಸಂಬಂಧ ಫೋಟೊದಲ್ಲಿ ಬರುವುದಿಲ್ಲ. ಒಂದು ಪದ್ಯದ ಕುಣಿತದಷ್ಟು ವಿಡಿಯೊ ಸಾಕು, ಇಡೀ ಪ್ರಸಂಗ ಬೇಡ. ಇಲ್ಲಿ ಒಂದು ತಾಂತ್ರಿಕ ಕಿರಿಕಿರಿ ಕಾಡುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಹಲವು ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಹೆಚ್ಚಿನ ಮೊಬೈಲುಗಳು ಸೆಕೆಂಡಿಗೆ 30 ಫ್ರೇಮ್ ಹಿಡಿಯುತ್ತವೆ. ಈ ಎರಡೂ ಹೊಂದದಿದ್ದರೆ ವೇಷದ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಮೊಬೈಲಿನಲ್ಲಿ ಅವಕಾಶವಿದ್ದರೆ 25 ಫ್ರೇಮ್‌ಗೆ ಇಳಿಸಿ, ಷಟರನ್ನು ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ಕಟ್ಟಿಹಾಕಿ, ಪಟ್ಟಿಗಳು ಹೋಗುತ್ತವೆ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಾನು ಅಂದುಕೊಂಡದ್ದು ಉಲ್ಟಾ ಆಯಿತು. ರಂಪಣಿ ಬಲೆ ಎಂದರೆ ಚಲನೆಯೇ: ದೋಣಿ ಬಲೆಯನ್ನು ಅರ್ಧ ಸುತ್ತು ಬಿಡುತ್ತ ಬರುತ್ತದೆ, ದಡದಲ್ಲಿ ಎರಡು ಗುಂಪಾಗಿ ನಿಂತವರು ಎರಡೂ ತುದಿಯ ಹಗ್ಗ ಎಳೆಯುತ್ತಾರೆ. ವಿಡಿಯೊಕ್ಕೆ ಇದಕ್ಕಿಂತ ಏನು ಬೇಕು ಎನಿಸುತ್ತದೆ. ಆದರೆ ಎಳೆತ ಬಹಳ ಹೊತ್ತು ನಡೆಯುತ್ತದೆ. ಪೂರ್ತಿ ಹಾಕಿದರೆ ಯಾರೂ ನೋಡುವುದಿಲ್ಲ, ವೇಗ ಹೆಚ್ಚಿಸಿದರೆ ದುಡಿಯುವವರು ಬೊಂಬೆಗಳಾಗಿ ಕುಣಿಯುತ್ತಾರೆ. ಕೊನೆಗೆ ಕೈಹಿಡಿದದ್ದು ನಾಲ್ಕು ಫೋಟೊಗಳ ಸಾಲು: ಹೊರಟ ದೋಣಿ, ಹಗ್ಗಕ್ಕೆ ಮೈಯೊಡ್ಡಿದ ಸಾಲು, ಕಿರಿದಾಗುತ್ತಿರುವ ಬಲೆಯ ಸುತ್ತು, ಮರಳ ಮೇಲಿನ ಬಂಗಡೆ ರಾಶಿ. ನಡುವಿನ ಸಮಯವನ್ನು ಓದುಗರೇ ತುಂಬಿಕೊಳ್ಳುತ್ತಾರೆ. ಬೆಳಗಿನ ಹೊತ್ತೇ ಹೋಗಬೇಕು. ನಮ್ಮ ಕಡಲು ಪಡುವಣಕ್ಕಿದೆ. ಸೂರ್ಯ ಬೆಟ್ಟದ ಹಿಂದಿನಿಂದ ಮೇಲೆ ಬಂದಾಗ ದೋಣಿಯ ಬಣ್ಣ, ಮೀನಿನ ಹೊಳಪು ಎರಡೂ ದಕ್ಕುತ್ತವೆ. ಸಂಜೆ ಎಲ್ಲರೂ ನೆರಳಚಿತ್ರಗಳೇ.

ಮೀನು ಮಾರುಕಟ್ಟೆಯಲ್ಲಿ ಮಾತ್ರ ಎರಡೂ ಸುಲಭವಲ್ಲ. ಕ್ಯಾಮೆರಾ ಎತ್ತಿದರೆ ಮಾರುವವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ, ಚೌಕಾಸಿ ನಿಂತುಹೋಗುತ್ತದೆ. ವಿಡಿಯೊದಲ್ಲಿ ಆ ಬಿಗಿತ ಬೇಗ ಸಡಿಲಾಗುತ್ತದೆ, ಆದರೆ ಕೇಳದೆ ತೆಗೆದರೆ ಅದು ಕದ್ದ ಮಾಲು. “ಫೋಟೊ ತೆಗೆ, ಬೇಡ ಎನ್ನುವುದಿಲ್ಲ. ಮೀನನ್ನೂ ತೆಗೆದುಕೊಂಡು ಹೋಗು” ಎಂದು ಮೀನು ಮಾರುವ ಹೆಂಗಸೊಬ್ಬರು ಹೇಳಿದರು. ನ್ಯಾಯವಾದ ದರವೇ ಅದು; ತೆಗೆದುಕೊಂಡೆ.

ಮೊಬೈಲನ್ನು ನೆಟ್ಟಗೆ ಹಿಡಿದು ಮಾಡುವ ತುಂಡು ವಿಡಿಯೊ ಬೇರೆಯೇ ಜಾತಿ. ಕಡಲು, ಅಳಿವೆ, ಸಾಣಿಕಟ್ಟೆಯ ಉಪ್ಪಿನ ಪಾತಿ ಎಲ್ಲವೂ ಅಡ್ಡಕ್ಕೆ ಹರಡಿಕೊಂಡಿರುವ ಈ ಕರಾವಳಿಯಲ್ಲಿ ಅದಕ್ಕೆ ಒಪ್ಪುವ ವಸ್ತು ಎಂದರೆ ಮುರುಡೇಶ್ವರದ 123 ಅಡಿಯ ಶಿವ. ಮುಂದೆ ಹೋಗೋಣ.

ತೂಕದ ಲೆಕ್ಕದಲ್ಲೂ ಫೋಟೊ ಹಗುರ. 1600 ಪಿಕ್ಸೆಲ್ ಅಗಲಕ್ಕೆ ಇಳಿಸಿದ ಫೋಟೊ ಸಾಮಾನ್ಯವಾಗಿ ಕೆಲವು ನೂರು ಕೆಬಿ. ಮೊಬೈಲಿನಿಂದ ನೇರವಾಗಿ ಬಂದ ಒಂದು ನಿಮಿಷದ ವಿಡಿಯೊ 60 ಎಂಬಿಯಿಂದ ನೂರರಾಚೆಗೂ ಹೋಗುತ್ತದೆ. ದೇವಿಮನೆ ಘಟ್ಟದ ಆಸುಪಾಸಿನ ಮನೆಯಲ್ಲಿ ಕುಳಿತು ಓದುವವರಿಗೆ ಇದು ಸಣ್ಣ ವಿಷಯವಲ್ಲ. ಇನ್ನೊಂದು ಅನುಕೂಲ ಅಡಿಬರಹದ್ದು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಸದಾಶಿವಗಡದಿಂದ ತೆಗೆದ, ಎರಡು ಸೇತುವೆಗಳಿರುವ ಚಿತ್ರವನ್ನು ಇವತ್ತಿನದೆಂಬಂತೆ ಹಾಕಿದರೆ ಅದು ಸುಳ್ಳಾಗುತ್ತದೆ. ಕೆಳಗೆ ತಿಂಗಳು, ವರ್ಷ ಬರೆದರೆ ದಾಖಲೆಯಾಗುತ್ತದೆ. ವಿಡಿಯೊ ಕೈಯಿಂದ ಕೈಗೆ ದಾಟುವಾಗ ಜೊತೆಗಿದ್ದ ವಿವರಣೆ ಮೊದಲು ಉದುರುತ್ತದೆ, ಆದ್ದರಿಂದ ದಿನಾಂಕವನ್ನು ಚಿತ್ರದ ಮೇಲೇ ಬರೆಯುವುದು ಒಳಿತು.

ಡ್ರೋನನ್ನೂ ಸ್ಪರ್ಧೆಗೆ ಇಳಿಸಿ ನೋಡಿದ್ದೇನೆ. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಅಲ್ಲಿ ಹಾರಿಸುವ ಯೋಚನೆಯನ್ನೇ ಬಿಡಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಹಾಗಾಗಿ ಆ ಅನುಮತಿ ಬೇಡದ ಹಸಿರು ವಲಯ ಎಂದು ನಕ್ಷೆಯಲ್ಲಿ ಖಚಿತ ಮಾಡಿಕೊಂಡು, ಗೆಳೆಯನ 250 ಗ್ರಾಮಿನೊಳಗಿನ ಡ್ರೋನನ್ನು ಶಿರಸಿ ಕಡೆಯ ತೋಟವೊಂದರ ಮೇಲೆ ಹಾರಿಸಿದೆವು. ಮೇಲಿನಿಂದ ಕಂಡದ್ದು ಹಸಿರು, ಬರೀ ಹಸಿರು. ಮರಕ್ಕೆ ಹಬ್ಬಿದ ಕಾಳುಮೆಣಸು, ನಡುವಿನ ಏಲಕ್ಕಿ, ಸಾಲುಗಳ ನಡುವೆ ಹರಿಯುವ ಕಾಲುವೆ, ಅಡಿಕೆ ಗೊನೆ ಇಳಿಸುವ ಹಗ್ಗ ಎಲ್ಲವೂ ಆ ಹಸಿರಿನ ಕೆಳಗೆ ಉಳಿದುಬಿಟ್ಟವು. ಡ್ರೋನ್ ಕೊಳ್ಳಬೇಕೆಂದು ಕೂಡಿಟ್ಟಿದ್ದ ಹಣದಲ್ಲಿ ದೂರದ್ದನ್ನು ಹತ್ತಿರ ತರುವ ಲೆನ್ಸ್ ಕೊಂಡೆ. ಉಂಚಳ್ಳಿಗೆ ಅದು ಸಾಕಾಗುತ್ತದೆ.