ನಿಕಾನ್ ಡಿ5600 ದೀರ್ಘ ಬಳಕೆಯ ವಿಮರ್ಶೆ: ಮುಂಬೈ ಬೆಳಕಿಗೆ ಯಾವ ಐಎಸ್‌ಒ, ಯಾವ ಇಮೇಜ್ ಕ್ವಾಲಿಟಿ?

ನಿಕಾನ್ ಡಿ5600 ಘೋಷಣೆಯಾದದ್ದು 2016ರ ನವೆಂಬರ್‌ನಲ್ಲಿ. ಈಗ ಹೊಸದು ತಯಾರಾಗುವುದಿಲ್ಲ. ಫೋರ್ಟ್‌ನ ಬೋರಾ ಬಜಾರ್ ಕಡೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಹುಡುಕಿಕೊಂಡು ಹೋಗುವವರು ಮಾತ್ರ ಇದನ್ನು ಇನ್ನೂ ಕೇಳುತ್ತಾರೆ. 24.2 ಮೆಗಾಪಿಕ್ಸೆಲ್ ಡಿಎಕ್ಸ್ ಸೆನ್ಸರ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಂಕಿ) 100ರಿಂದ 25600, ಸೆನ್ಸರ್ ಎದುರಿಗೆ ಸೂಕ್ಷ್ಮ ವಿವರ ಮೆದುಗೊಳಿಸುವ ಲೋ-ಪಾಸ್ ಫಿಲ್ಟರ್ ಇಲ್ಲ, ಕಮಾಂಡ್ ಡಯಲ್ ಒಂದೇ. ಇದರ ವೇಗ, ವಿಡಿಯೊ, ಆಟೋಫೋಕಸ್ ಬಗ್ಗೆ ಬರೆದದ್ದು ಬೇಕಾದಷ್ಟಿದೆ. ಕ್ಯಾಮೆರಾ ಕೈಗೆ ಬಂದ ಮೇಲೆ ಹೆಚ್ಚಿನವರು ಎಡವುವುದು ಬೇರೆ ಎರಡು ಕಡೆ, ಐಎಸ್‌ಒ ಮತ್ತು ಇಮೇಜ್ ಕ್ವಾಲಿಟಿಯಲ್ಲಿ. ಈ ವಿಮರ್ಶೆ ಅಷ್ಟಕ್ಕೇ ಸೀಮಿತ.

ಐಎಸ್‌ಒ ಏರಿಸಿದರೆ ಫೋಟೊ ಹಾಳಾಗುತ್ತದೆ ಎಂಬ ಭಯ ಎಲ್ಲ ಕಡೆ ಇದೆ. ಈ ಕ್ಯಾಮೆರಾದ ಮಟ್ಟಿಗೆ ಅದು ಅರ್ಧ ಸತ್ಯ. ಹಾಳು ಮಾಡುವುದು ಬೆಳಕಿನ ಕೊರತೆ. ಶಟರ್ ಎಷ್ಟು ಹೊತ್ತು ತೆರೆದಿತ್ತು, ಲೆನ್ಸ್ ಎಷ್ಟು ಅಗಲ ತೆರೆದಿತ್ತು ಎಂಬುದರ ಮೇಲೆ ಸೆನ್ಸರ್‌ಗೆ ಬಿದ್ದ ಬೆಳಕು ನಿಂತಿದೆ. ಐಎಸ್‌ಒ ಮಾಡುವುದು ಆ ಬೆಳಕಿನ ಸಿಗ್ನಲ್ಲನ್ನು ಹಿಗ್ಗಿಸುವ ಕೆಲಸವನ್ನಷ್ಟೇ. ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಎಂ ಮೋಡ್ (ಎಲ್ಲವನ್ನೂ ನೀವೇ ಇಡುವುದು), ರಾ ಫೈಲ್ (ಸೆನ್ಸರ್‌ನ ಕಚ್ಚಾ ದತ್ತಾಂಶ), ಆಟೋ ಐಎಸ್‌ಒ ಆಫ್. ರಾತ್ರಿ ಒಂದೇ ದೀಪದ ಕೋಣೆಯಲ್ಲಿ ಟ್ರೈಪಾಡ್ ಮೇಲಿಟ್ಟು, ಐಎಸ್‌ಒ 1600ಕ್ಕೆ ಸರಿಹೊಂದುವ ಶಟರ್ ಮತ್ತು ಅಪರ್ಚರ್ ಹಿಡಿದು ಒಂದು ಫೋಟೊ ತೆಗೆಯಿರಿ. ಶಟರ್, ಅಪರ್ಚರ್ ಮುಟ್ಟದೆ ಐಎಸ್‌ಒ ಮಾತ್ರ 200ಕ್ಕೆ ಇಳಿಸಿ ಇನ್ನೊಂದು. ಎರಡನೆಯದು ಪರದೆಯಲ್ಲಿ ಕಪ್ಪಗೇ ಕಾಣುತ್ತದೆ. ಅದನ್ನು ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಸಾಫ್ಟ್‌ವೇರ್‌ನಲ್ಲಿ ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಎತ್ತಿ, ಎರಡನ್ನೂ 100% ಹಿಗ್ಗಿಸಿ ಪಕ್ಕಪಕ್ಕ ಇಡಿ. ನಾಯ್ಸ್, ಅಂದರೆ ಫೋಟೊದಲ್ಲಿ ಏಳುವ ಕಾಳು, ಹೆಚ್ಚುಕಡಿಮೆ ಒಂದೇ ಸಮ.

ಇದೇ ಪರೀಕ್ಷೆಯನ್ನು ಕ್ಯಾಮೆರಾ ತಾನೇ ಸಂಸ್ಕರಿಸಿ ಕುಗ್ಗಿಸುವ ಜೆಪೆಗ್‌ನಲ್ಲಿ ಮಾಡಿದರೆ ಫಲಿತಾಂಶ ತಲೆಕೆಳಗು. ಕಪ್ಪಗೆ ಬಂದ ಜೆಪೆಗ್ ಅನ್ನು ಮೂರು ಸ್ಟಾಪ್ ಎತ್ತಿದರೆ ನೆರಳಿನಲ್ಲಿ ನೇರಳೆ–ಹಸಿರು ಕಲೆಗಳು ಏಳುತ್ತವೆ, ಗೋಡೆಯ ಮೇಲೆ ಪಟ್ಟೆ ಮೂಡುತ್ತದೆ. ಜೆಪೆಗ್‌ನಲ್ಲಿ ಬಣ್ಣಕ್ಕೆ 8 ಬಿಟ್ ಮಾತ್ರ, ಕಪ್ಪಿನಲ್ಲಿದ್ದ ವಿವರವನ್ನು ಕ್ಯಾಮೆರಾ ಮೊದಲೇ ಕಿತ್ತು ಎಸೆದಿರುತ್ತದೆ. ಹಾಗಾಗಿ ಜೆಪೆಗ್ ತೆಗೆಯುವವರು ಐಎಸ್‌ಒಗೆ ಹೆದರಿ ಫೋಟೊ ಕಪ್ಪಗೆ ತೆಗೆದರೆ ನಷ್ಟ ಇಮ್ಮಡಿ. ರಾ ತೆಗೆಯುವವರಿಗೆ ಸ್ವಲ್ಪ ಸಲಿಗೆ ಇದೆ.

ಈಗ ಆಟೋ ಐಎಸ್‌ಒ. ಶೂಟಿಂಗ್ ಮೆನುವಿನಲ್ಲಿ ಐಎಸ್‌ಒ ಸೆನ್ಸಿಟಿವಿಟಿ ಸೆಟ್ಟಿಂಗ್ಸ್ ಒಳಗೆ ಮೂರು ಸಂಗತಿ ಗಮನಿಸಬೇಕು: ಐಎಸ್‌ಒ 100, ಗರಿಷ್ಠ ಮಿತಿ 6400, ಕನಿಷ್ಠ ಶಟರ್ ಸ್ಪೀಡ್ 1/125. ಗರಿಷ್ಠ ಮಿತಿ 25600ರಲ್ಲೇ ಇದ್ದರೆ ಮೊದಲು ಅದನ್ನು ಇಳಿಸಿ. ಇಲ್ಲಿ ಒಂದು ಹಳ್ಳ ಇದೆ, ಬಹಳ ಜನ ಅದರಲ್ಲಿ ಬೀಳುತ್ತಾರೆ. ಎ ಮೋಡ್‌ನಲ್ಲಿ (ಅಪರ್ಚರ್ ನಿಮ್ಮದು, ಶಟರ್ ಕ್ಯಾಮೆರಾದ್ದು) ಈ ‘ಕನಿಷ್ಠ’ ಶಟರ್ ಸ್ಪೀಡ್ ಕ್ಯಾಮೆರಾ ಕೊಟ್ಟ ಭಾಷೆ ಅಲ್ಲ. ಬೆಳಕು ಕುಸಿದಂತೆ ಕ್ಯಾಮೆರಾ ಮೊದಲು 1/125ರವರೆಗೆ ಶಟರ್ ನಿಧಾನ ಮಾಡುತ್ತದೆ, ಆಮೇಲೆ ಐಎಸ್‌ಒ ಏರಿಸುತ್ತದೆ, 6400 ಮುಟ್ಟಿದ ಮೇಲೂ ಬೆಳಕು ಸಾಲದಿದ್ದರೆ ಸದ್ದಿಲ್ಲದೆ 1/60, 1/30 ಎಂದು ಮತ್ತೆ ಇಳಿಯುತ್ತದೆ. ಹಿಂದಿನ ಸ್ಕ್ರೀನಿನಲ್ಲಿ ಫೋಟೊ ಚೆನ್ನಾಗಿಯೇ ಕಾಣುತ್ತದೆ, ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಎಲ್ಲ ಅಲುಗಾಟ. ಲೆನ್ಸಿನಲ್ಲಿ ಅಲುಗಾಟ ತಡೆಯುವ ವಿಆರ್ ಇರುವುದು ನಿಮ್ಮ ಕೈ ನಡುಕಕ್ಕೆ. ಎದುರಿಗೆ ಕುಣಿಯುವವರನ್ನು ಅದು ನಿಲ್ಲಿಸುವುದಿಲ್ಲ.

ಚಲನೆ ಇರುವ ಕಡೆ ಎಸ್ ಮೋಡ್ (ಶಟರ್ ನಿಮ್ಮದು, ಅಪರ್ಚರ್ ಕ್ಯಾಮೆರಾದ್ದು) ಹಾಕಿ ಆಟೋ ಐಎಸ್‌ಒ ಬಿಡುವುದು ಲೇಸು. ನೀವು ಇಟ್ಟ ಶಟರ್ ಕದಲುವುದಿಲ್ಲ. ಲೆನ್ಸ್ ಪೂರ್ತಿ ತೆರೆದುಕೊಳ್ಳುತ್ತದೆ, ನಂತರ ಐಎಸ್‌ಒ ಏರುತ್ತದೆ. ಮಿತಿ ದಾಟಿದರೆ ಫೋಟೊ ಕಪ್ಪಗಾಗುತ್ತದೆ ಅಷ್ಟೆ, ಮಸುಕಾಗುವುದಿಲ್ಲ. ಕಪ್ಪನ್ನು ರಾದಲ್ಲಿ ಎತ್ತಬಹುದು, ಅಲುಗಾಟಕ್ಕೆ ಮದ್ದಿಲ್ಲ.

ಯಕ್ಷಗಾನದ ವಿಷಯಕ್ಕೆ ಬರೋಣ, ಮುಂಬೈ ಕನ್ನಡಿಗರಲ್ಲಿ ಕ್ಯಾಮೆರಾ ಇದ್ದವರೆಲ್ಲ ಒಂದಲ್ಲ ಒಂದು ದಿನ ಎದುರಿಸುವ ಪರೀಕ್ಷೆ ಅದು. ವರ್ಷದ ತಿರುಗಾಟ ಮುಗಿಯುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಊರಿನ ಕಲಾವಿದರು ಇಲ್ಲಿಗೆ ಬರುತ್ತಾರೆ. ಮಾಟುಂಗಾ, ಕುರ್ಲಾ, ಡೊಂಬಿವಲಿ ಎಂದು ಸಭಾಂಗಣದಿಂದ ಸಭಾಂಗಣಕ್ಕೆ ಪ್ರದರ್ಶನ. ಹಿಂದೆ ಕಪ್ಪು ಪರದೆ, ಮುಂದೆ ಎಲ್‌ಇಡಿ, ನಡುವೆ ಕೆಂಪು–ಹಸಿರು ವೇಷ. ಕ್ಯಾಮೆರಾದ ಮೀಟರ್‌ಗೆ ಇದಕ್ಕಿಂತ ಗೊಂದಲದ ಜಾಗ ಬೇರೆ ಬೇಡ. ಇಡೀ ಚೌಕಟ್ಟಿನ ಬೆಳಕು ಅಳೆಯುವ ಮ್ಯಾಟ್ರಿಕ್ಸ್ ಮೀಟರಿಂಗ್ ಆ ಕಪ್ಪು ಪರದೆಯನ್ನೂ ಬೂದು ಮಾಡಲು ಹೊರಟು ಮುಖವನ್ನು ಸುಣ್ಣ ಬಳಿದಂತೆ ಮಾಡುತ್ತದೆ. ಕ್ಯಾಮೆರಾ ಲೆಕ್ಕ ಹಾಕಿದ ಹೊಳಪನ್ನು ತಗ್ಗಿಸಲು ಎಕ್ಸ್‌ಪೋಶರ್ ಕಾಂಪೆನ್ಸೇಶನ್ –0.7ರಿಂದ –1 ಇಡಿ. ದೀಪ ಬದಲಾಗದ ರಂಗವಾದರೆ ಇನ್ನೂ ಸುಲಭ: ಒಂದು ಚಿಕ್ಕ ಜಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರಿಂಗ್‌ನಲ್ಲಿ ಒಮ್ಮೆ ಮುಖ ಅಳೆದುಕೊಂಡು, ಆಟೋ ಐಎಸ್‌ಒ ಆಫ್ ಮಾಡಿ, ಎಂ ಮೋಡ್‌ನಲ್ಲಿ ಶಟರ್, ಅಪರ್ಚರ್, ಐಎಸ್‌ಒ ಮೂರನ್ನೂ ಕಟ್ಟಿಹಾಕಿದರೆ ಪ್ರಸಂಗ ಮುಗಿಯುವವರೆಗೆ ಮುಟ್ಟಬೇಕಿಲ್ಲ.

ಲೆಕ್ಕ ಹೀಗೆ. ಸಾಧಾರಣ ಬೆಳಕಿನ ರಂಗದಲ್ಲಿ 35 ಎಂಎಂ ಎಫ್ 1.8 ಲೆನ್ಸ್ ಪೂರ್ತಿ ತೆರೆದು, 1/250ಕ್ಕೆ ಐಎಸ್‌ಒ 1600 ಸಾಕಾಗುತ್ತದೆ ಎಂದುಕೊಳ್ಳಿ. ಅದೇ ಬೆಳಕಿಗೆ 18–55 ಕಿಟ್ ಲೆನ್ಸ್ ಹಾಕಿ 55ಕ್ಕೆ ಜೂಮ್ ಮಾಡಿದರೆ ಅಪರ್ಚರ್ 5.6ಕ್ಕಿಂತ ತೆರೆಯುವುದಿಲ್ಲ. ಮೂರೂಕಾಲು ಸ್ಟಾಪ್‌ಗಿಂತ ಹೆಚ್ಚು ಬೆಳಕು ಅಲ್ಲೇ ಖೋತಾ, ಐಎಸ್‌ಒ 16000ಕ್ಕೆ ಹೋಗಬೇಕಾಗುತ್ತದೆ. ಕ್ಯಾಮೆರಾ ಬಾಡಿ ಬದಲಿಸಿದರೂ ಸಿಗದ ಲಾಭ ಆ ಚಿಕ್ಕ 35 ಎಂಎಂ ಪ್ರೈಮ್ (ಜೂಮ್ ಇಲ್ಲದ) ಲೆನ್ಸಿನಲ್ಲಿದೆ. ಕೊಳ್ಳುವಾಗ ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಬರೆದದ್ದನ್ನೇ ನೋಡಿ. ಈ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ, ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ತಿರುಗಿಸಬೇಕು.

ಅರ್ಥಗಾರಿಕೆ ನಡೆಯುವಾಗ 1/160 ಸಾಕು. ಕುಣಿತಕ್ಕೆ 1/250. ದಿಗಿಣ (ಗಿರಗಿರನೆ ತಿರುಗುತ್ತ ಹಾರುವ ಕುಣಿತ) ಹೊಡೆಯುವಾಗ ಮುಖ ಸ್ಪಷ್ಟವಾಗಿ ಬೇಕಾದರೆ 1/500ಕ್ಕಿಂತ ಕೆಳಗೆ ಇಳಿಯಬಾರದು, ಅದಕ್ಕೆ ಐಎಸ್‌ಒ 3200 ತೆತ್ತರೂ ನಷ್ಟವಿಲ್ಲ.

ಎಲ್‌ಇಡಿ ಮತ್ತು ಟ್ಯೂಬ್‌ಲೈಟಿನ ಇನ್ನೊಂದು ಕಾಟ ಮಿನುಗು. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/250ರಲ್ಲಿ ಸಾಲಾಗಿ ತೆಗೆದ ಫೋಟೊಗಳಲ್ಲಿ ಒಂದು ಬೆಳ್ಳಗೆ, ಒಂದು ಹಳದಿ, ಒಂದು ಕಪ್ಪಗೆ ಬಂದರೆ ಕ್ಯಾಮೆರಾ ಕೆಟ್ಟಿದೆ ಎಂದು ತಿಳಿಯಬೇಡಿ. 1/100 ಅಥವಾ 1/50ಕ್ಕೆ ಇಳಿಸಿದರೆ ಸರಿಹೋಗುತ್ತದೆ. ಮೆನುವಿನಲ್ಲಿರುವ ಫ್ಲಿಕರ್ ರಿಡಕ್ಷನ್ ಲೈವ್ ವ್ಯೂ ಮತ್ತು ವಿಡಿಯೊಗೆ ಮಾತ್ರ, ವ್ಯೂಫೈಂಡರ್‌ನಲ್ಲಿ ತೆಗೆಯುವ ಫೋಟೊಗೆ ಅದರಿಂದ ಉಪಯೋಗವಿಲ್ಲ.

ಕೆಂಪು ದೀಪ ಬಿದ್ದಾಗ ಫೋಟೊದ ಕಪ್ಪು–ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ, ಹಿಸ್ಟೋಗ್ರಾಮ್ ಕೂಡ ದಾರಿ ತಪ್ಪಿಸುತ್ತದೆ. ಬಿಳಿ ಹಿಸ್ಟೋಗ್ರಾಮ್ ಸರಿಯಾಗಿದೆ ಎಂದು ತೋರುತ್ತಿರುವಾಗಲೇ ಕೆಂಪು ಚಾನೆಲ್ ನಕ್ಷೆಯ ಬಲ ಅಂಚಿಗೆ ಬಡಿದಿರುತ್ತದೆ. ಫಲವಾಗಿ ವೇಷದ ಕೆಂಪು ಬಟ್ಟೆ ನೆರಿಗೆಯೇ ಇಲ್ಲದ ಬಣ್ಣದ ಮುದ್ದೆ. ಪ್ಲೇಬ್ಯಾಕ್ ಮೆನುವಿನ ಡಿಸ್‌ಪ್ಲೇ ಆಪ್ಷನ್ಸ್‌ನಲ್ಲಿ ಆರ್‌ಜಿಬಿ ಹಿಸ್ಟೋಗ್ರಾಮ್ ಮತ್ತು ಹೈಲೈಟ್ಸ್ ಎರಡಕ್ಕೂ ಟಿಕ್ ಹಾಕಿಕೊಳ್ಳಿ. ಗಣೇಶ ಚತುರ್ಥಿಗೆ ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಗಣಪತಿಯ ಚಿನ್ನಕ್ಕೂ ಇದೇ ಉಪಾಯ. ಹೊಳಪು ಒಮ್ಮೆ ಸುಟ್ಟರೆ ರಾದಲ್ಲೂ ಹಿಂದಿರುಗುವುದಿಲ್ಲ, ನೆರಳು ಮಾತ್ರ ಹಿಂದಿರುಗುತ್ತದೆ. ಐಎಸ್‌ಒ ದುಪ್ಪಟ್ಟಾದಂತೆಲ್ಲ ಹೊಳಪಿಗೂ ನೆರಳಿಗೂ ನಡುವಿನ ಅವಕಾಶ ಸುಮಾರು ಒಂದು ಸ್ಟಾಪ್ ಕಿರಿದಾಗುತ್ತದೆ ಎಂಬುದು ನೆನಪಿರಲಿ.

ಯಾವ ಐಎಸ್‌ಒವರೆಗೆ ಹೋಗಬಹುದು? 400ರವರೆಗೆ ಚಿಂತೆಯೇ ಬೇಡ. 800, 1600ರಲ್ಲಿ 100% ಹಿಗ್ಗಿಸಿದರೆ ನೆರಳಿನಲ್ಲಿ ಕಾಳು ಕಾಣುತ್ತದೆ, ಪ್ರಿಂಟಿನಲ್ಲಿ ಕಾಣುವುದಿಲ್ಲ. 3200ರಲ್ಲಿ ಬಣ್ಣ ಗಟ್ಟಿಯಾಗಿ ನಿಲ್ಲುತ್ತದೆ. 6400 ನನ್ನ ಗೆರೆ: ರಾದಿಂದ ಜಾಗ್ರತೆಯಾಗಿ ಸಂಸ್ಕರಿಸಿದರೆ 8×12 ಇಂಚಿನ ಪ್ರಿಂಟ್ ಮರ್ಯಾದೆಯಾಗಿ ಬರುತ್ತದೆ. 12800 ಅನ್ನು ಕಪ್ಪು–ಬಿಳುಪು ಮಾಡಿದರೆ ನಡೆಯುತ್ತದೆ. 25600 ಸಾಕ್ಷಿಗೆ ಒಂದು ಫೋಟೊ ಇರಲಿ ಎನ್ನುವಾಗ ಮಾತ್ರ.

ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ ಕೂಡ ಇಲ್ಲೇ ಹೇಳಬೇಕು. ಇದು ಜೆಪೆಗ್‌ಗೆ ಮಾತ್ರ ತಾಗುತ್ತದೆ, ರಾ ಫೈಲಿನ ಒಳಗಿನ ದತ್ತಾಂಶ ಮುಟ್ಟುವುದಿಲ್ಲ. ಬಣ್ಣದ ವೇಷದ ಮುಖದಲ್ಲಿ ಅಕ್ಕಿಹಿಟ್ಟಿನ ಚಿಟ್ಟಿ ಸಾಲಾಗಿ ಇಟ್ಟಿರುತ್ತಾರಲ್ಲ, ಐಎಸ್‌ಒ 3200ರಲ್ಲಿ ‘ಹೈ’ ಇಟ್ಟು ತೆಗೆದ ಜೆಪೆಗ್‌ನಲ್ಲಿ ಅದರ ಒಂದೊಂದು ಚುಕ್ಕೆಯೂ ಪಕ್ಕದ್ದಕ್ಕೆ ಅಂಟಿ ಬಿಳಿ ಗೆರೆಯಾಗುತ್ತದೆ, ಹುಬ್ಬಿನ ಕೂದಲು ಮಸಿ ಬಳಿದಂತಾಗುತ್ತದೆ. ‘ಲೋ’ ಇಟ್ಟರೆ ಸ್ವಲ್ಪ ಕಾಳು ಉಳಿಯುತ್ತದೆ, ಚುಕ್ಕೆಗಳೂ ಬೇರೆಬೇರೆಯಾಗಿಯೇ ಉಳಿಯುತ್ತವೆ. ಗಂಟೆಗಟ್ಟಲೆ ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆ) ಕುಳಿತು ಇಟ್ಟ ಚಿಟ್ಟಿಯನ್ನು ಕ್ಯಾಮೆರಾ ಒರೆಸಿಹಾಕುವುದು ಯಾವ ನ್ಯಾಯ! ‘ಲೋ’ ಸಾಕು.

ಇಮೇಜ್ ಕ್ವಾಲಿಟಿ: ಜೆಪೆಗ್ ಫೈನ್, ನಾರ್ಮಲ್, ಬೇಸಿಕ್ ಎಂದರೆ ಸುಮಾರು 1:4, 1:8, 1:16 ಸಂಕೋಚನ. ಇಮೇಜ್ ಸೈಜ್ ಬೇರೆ ಸಂಗತಿ, ಎರಡನ್ನೂ ಕಲಸಬೇಡಿ: ಲಾರ್ಜ್ 6000×4000, ಮೀಡಿಯಂ 4496×3000, ಸ್ಮಾಲ್ 2992×2000. ಜಾಗ ಉಳಿಸಲೇಬೇಕೆಂದರೆ ಲಾರ್ಜ್ ಬೇಸಿಕ್‌ಗಿಂತ ಮೀಡಿಯಂ ಫೈನ್ ಮೇಲು. ಸುಮಾರು 13.5 ಮೆಗಾಪಿಕ್ಸೆಲ್ ಸಿಗುತ್ತದೆ, ಸೀರೆಯ ಜರಿಯಂಚಿನಲ್ಲಿ ಚೌಕುಳಿ ಏಳುವುದಿಲ್ಲ. ಹುಟ್ಟುಹಬ್ಬ, ಸತ್ಯನಾರಾಯಣ ಪೂಜೆ, ಮಧ್ಯಾಹ್ನದ ಪ್ರವಾಸಕ್ಕೆ ಜೆಪೆಗ್ ಫೈನ್ ಧಾರಾಳ. ರಂಗಸ್ಥಳ, ಮದುವೆ ಹಾಲ್, ಹಳದಿ ಬಲ್ಬು ಮತ್ತು ಬಿಳಿ ಟ್ಯೂಬ್ ಬೆರೆತ ಜಾಗಗಳಲ್ಲಿ ರಾ ಬೇಕೇ ಬೇಕು, ಅಲ್ಲಿ ವೈಟ್ ಬ್ಯಾಲೆನ್ಸ್ ಸ್ಥಳದಲ್ಲೇ ಸರಿಯಾಗುವುದು ಕಷ್ಟ.

ರಾ ಒಂದಕ್ಕೆ 25 ಎಂಬಿ ಆಸುಪಾಸು, ಅಂದರೆ ಸಾವಿರ ಫೋಟೊಗೆ 25 ಜಿಬಿ ಎಂದು ಲೆಕ್ಕ ಹಾಕಿಕೊಳ್ಳಿ. ಎನ್‌ಇಎಫ್ (ನಿಕಾನ್‌ನ ರಾ) ರೆಕಾರ್ಡಿಂಗ್‌ನಲ್ಲಿ 12 ಬಿಟ್, 14 ಬಿಟ್ ಆಯ್ಕೆ ಇದೆ. 14 ಬಿಟ್‌ನ ಲಾಭ ಕಾಣುವುದು ಐಎಸ್‌ಒ 100–200ರಲ್ಲಿ, ಅದೂ ನೆರಳನ್ನು ನಾಲ್ಕು ಸ್ಟಾಪ್‌ನಷ್ಟು ಎತ್ತಿದಾಗ. ಐಎಸ್‌ಒ 1600ರ ಮೇಲೆ ಆ ಹೆಚ್ಚಿನ ಎರಡು ಬಿಟ್ ನಾಯ್ಸ್‌ನಲ್ಲೇ ಮುಳುಗಿರುತ್ತದೆ. ಬಫರ್ (ಕಾರ್ಡಿಗೆ ಬರೆಯುವ ಮುನ್ನ ಫೋಟೊ ತಂಗುವ ಮೆಮೊರಿ) ಚಿಕ್ಕದಿರುವ ಈ ಕ್ಯಾಮೆರಾದಲ್ಲಿ ಕುಣಿತಕ್ಕೆ 12 ಬಿಟ್, ಸಮುದ್ರದ ಸೂರ್ಯಾಸ್ತಕ್ಕೆ 14 ಬಿಟ್. ಕಾರ್ಡ್ ಯುಎಚ್‌ಎಸ್-1 ಸಾಕು, ಯುಎಚ್‌ಎಸ್-2ಕ್ಕೆ ಸುರಿದ ದುಡ್ಡು ಇಲ್ಲಿ ಕೆಲಸಕ್ಕೆ ಬಾರದು.

ಬರೀ ರಾ ತೆಗೆದರೆ ನಿಕಾನ್‌ನ ಮೊಬೈಲ್ ಆ್ಯಪ್ ಸ್ನ್ಯಾಪ್‌ಬ್ರಿಜ್ ಮೂಲಕ ಮೊಬೈಲಿಗೆ ಕಳಿಸಲಾಗದು. ಆಟ ಮುಗಿದ ತಕ್ಷಣ ವಾಟ್ಸಾಪ್ ಗುಂಪಿಗೆ ಫೋಟೊ ಹೋಗಲೇಬೇಕಾದರೆ ರಾ + ಬೇಸಿಕ್ ಇಡಿ, ಅಥವಾ ರೀಟಚ್ ಮೆನುವಿನ ಎನ್‌ಇಎಫ್ ಪ್ರೊಸೆಸಿಂಗ್‌ನಲ್ಲಿ ಬೇಕಾದ ನಾಲ್ಕನ್ನು ಮಾತ್ರ ಜೆಪೆಗ್ ಮಾಡಿಕೊಳ್ಳಿ. ರಾ ತೆಗೆಯುವಾಗ ಆಕ್ಟಿವ್ ಡಿ-ಲೈಟಿಂಗ್ ಆಫ್ ಇರಲಿ. ಅದು ಹೊಳಪು ಉಳಿಸಲು ಎಕ್ಸ್‌ಪೋಶರ್ ತಾನೇ ಇಳಿಸಬಹುದು, ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದಾಗ ಫೋಟೊ ಕಾರಣವಿಲ್ಲದೆ ಕಪ್ಪಗೆ ಕಾಣುತ್ತದೆ. ಜೆಪೆಗ್‌ನವರಿಗೆ ಬಿಸಿಲಲ್ಲಿ ‘ನಾರ್ಮಲ್’ ಒಳ್ಳೆಯದೇ.

ಹೊರಗಿನ ಬೆಳಕಿಗೆ ಇಷ್ಟು ಯೋಚನೆ ಬೇಡ. ಜುಲೈನ ಮೋಡದ ಮಧ್ಯಾಹ್ನ ದಾದರ್ ಹೂವಿನ ಮಾರ್ಕೆಟ್‌ನಲ್ಲಿ 1/250, ಎಫ್ 5.6ಕ್ಕೆ 400ರಿಂದ 800 ಬರುತ್ತದೆ, ಸೂರಿನ ಕೆಳಗೆ 1600. ಶಿವಡಿಯ ಕೆಸರಿನಲ್ಲಿ ಫ್ಲೆಮಿಂಗೊ ಹಾರುವಾಗ 1/1000 ಮೊದಲು ಇಟ್ಟು ಐಎಸ್‌ಒ ಅದರ ಪಾಡಿಗೆ ಬಿಡಿ, ಕಪ್ಪು ಕೆಸರಿನ ಮುಂದೆ ಬಿಳಿ ಹಕ್ಕಿ ಸುಡದಂತೆ –0.7. ಮರೀನ್ ಡ್ರೈವ್ ರಾತ್ರಿಗೆ ಟ್ರೈಪಾಡ್, ವಿಆರ್ ಆಫ್, ಐಎಸ್‌ಒ 100, ಎಫ್ 8, ಹತ್ತು ಸೆಕೆಂಡಿನ ಆಸುಪಾಸು. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೆ ಪ್ರತಿ ಫೋಟೊದ ನಂತರ ಅಷ್ಟೇ ಹೊತ್ತು ಕ್ಯಾಮೆರಾ ಮಾತಾಡುವುದಿಲ್ಲ, ಗಾಬರಿ ಬೇಡ.

ಐಎಸ್‌ಒ 200ರಲ್ಲೂ ಫೋಟೊ ಹಾಲು ಬೆರೆಸಿದಂತೆ ಪೇಲವವಾಗಿ ಬಂದರೆ ಸೆಟ್ಟಿಂಗ್ ಬದಲಿಸುವ ಮುನ್ನ ಲೆನ್ಸ್ ನೋಡಿ. ಎಸಿ ಕೋಣೆಯಿಂದ ಹೊರಬಂದ ಕೂಡಲೇ ಇಲ್ಲಿನ ಹಬೆಗಾಳಿಗೆ ಗಾಜು ಮಂಜಾಗುತ್ತದೆ. ಬ್ಯಾಗಿನ ಜಿಪ್ ಹಾಕಿಯೇ ಇಪ್ಪತ್ತು–ಮೂವತ್ತು ನಿಮಿಷ ಹೊರಗಿನ ಶಾಖಕ್ಕೆ ಒಗ್ಗಿಸಿ. ಗಾಜಿನೊಳಗೆ ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಡ್ರೈ ಬಾಕ್ಸ್‌ನಲ್ಲಿ ತೇವಾಂಶ 40–50% ಇರಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅಂಗಡಿಯಲ್ಲೇ ಎರಡು ಫೋಟೊ ತೆಗೆದು ನೋಡಿ. ಐಎಸ್‌ಒ 100, ಎಫ್ 16ರಲ್ಲಿ ಬಿಳಿ ಗೋಡೆ: ಸೆನ್ಸರ್ ಮೇಲಿನ ಧೂಳು ಬೂದು ಚುಕ್ಕೆಯಾಗಿ ಕಾಣುತ್ತದೆ, ಅದು ಕ್ಲೀನಿಂಗ್‌ಗೆ ಹೋಗುವಂಥದ್ದು. ಆಮೇಲೆ ಲೆನ್ಸ್ ಕ್ಯಾಪ್ ಹಾಕಿ, ಮ್ಯಾನ್ಯುಯಲ್ ಫೋಕಸ್‌ಗೆ ಬದಲಿಸಿ, ವ್ಯೂಫೈಂಡರ್ ಮುಚ್ಚಿ, ಎಂ ಮೋಡ್‌ನಲ್ಲಿ ಐಎಸ್‌ಒ 1600ಕ್ಕೆ 30 ಸೆಕೆಂಡ್, ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆಫ್. ಬಣ್ಣದ ಚುಕ್ಕೆ ಅಲ್ಲೊಂದು ಇಲ್ಲೊಂದು ಇದ್ದರೆ ಸಹಜ. 1/100ರಲ್ಲಿ ತೆಗೆದ ಸಾಧಾರಣ ಫೋಟೊದಲ್ಲೂ ಅದೇ ಜಾಗದಲ್ಲಿ ಚುಕ್ಕೆ ಉಳಿದಿದ್ದರೆ ಆ ಬಾಡಿ ಬಿಟ್ಟು ಪಕ್ಕದ್ದನ್ನು ಕೇಳಿ.