ಟ್ರೇಲರ್ ಓಲಾಟಕ್ಕೆ ನಾಲ್ಕು ಮದ್ದು: ನಾನು ಎಳೆದು ನೋಡಿದ್ದು, ನಾನು ಉಳಿಸಿಕೊಂಡದ್ದು

ಮೊದಲೇ ಹೇಳಿಬಿಡುತ್ತೇನೆ. ಟ್ರಾವೆಲ್ ಟ್ರೇಲರ್ ಅಂದರೆ ಪಿಕಪ್ ಹಿಂದೆ ಕಟ್ಟಿ ಎಳೆಯುವ, ಒಳಗೇ ತಂಗಬಹುದಾದ ಗಾಡಿ. ಎರಡನ್ನೂ ಜೋಡಿಸುವ ಕೊಂಡಿಯೇ ಹಿಚ್. ನಮ್ಮ ಟ್ರೇಲರ್‌ಗೆ ಈಗ ಹಾಕಿರುವುದು ಭಾರ ಹಂಚುವ ಹಿಚ್, ಅಂದರೆ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್. ಅದರಲ್ಲೂ ಓಲಾಟ ತಡೆಯುವ ಘರ್ಷಣೆ ಒಳಗೇ ಸೇರಿಕೊಂಡಿರುವ ಬಗೆಯದು. ಇದನ್ನು ಬಿಚ್ಚಿ ಬೇರೆ ಹಾಕುವ ಯೋಚನೆ ನನಗಿಲ್ಲ. ಇಲ್ಲಿಗೆ ಬಂದು ಮುಟ್ಟುವ ಮೊದಲು ಒಂದು ತಪ್ಪು ಖರೀದಿ ಆಯಿತು. ಗೆಳೆಯರ ಎರಡು ಟ್ರೇಲರ್ ಎಳೆದು ನೋಡಿದ್ದೂ ಆಯಿತು. ಅದೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಶುರುವಾದದ್ದು ಒಂದು ಉದ್ದನೆಯ ಇಳಿಜಾರಿನಲ್ಲಿ. ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದೆ. ಹಿಂದಿನಿಂದ ದೊಡ್ಡ ಲಾರಿಯೊಂದು ಪಕ್ಕಕ್ಕೆ ಬಂತು. ಲಾರಿಯ ಮೂತಿ ತಳ್ಳಿಕೊಂಡು ಬರುವ ಗಾಳಿ ಮೊದಲು ಬಡಿಯುವುದು ಟ್ರೇಲರ್‌ನ ಹಿಂಭಾಗಕ್ಕೆ. ಬಾಲ ಒಂದು ಸಲ ಆಚೆ ಹೋಯಿತು, ಈಚೆ ಬಂತು, ಮತ್ತೆ ಇನ್ನೂ ಜಾಸ್ತಿ ಆಚೆ ಹೋಯಿತು. ಸ್ಟೀರಿಂಗ್ ಕೈಯಲ್ಲಿದ್ದರೂ ಗಾಡಿ ನನ್ನ ಮಾತು ಕೇಳುತ್ತಿರಲಿಲ್ಲ. ಪಕ್ಕದಲ್ಲಿದ್ದ ನಮ್ಮ ಯಜಮಾನರು ಬಾಗಿಲ ಹಿಡಿ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ, ಸ್ಟೀರಿಂಗ್ ನೇರ ಹಿಡಿದೆ, ಟ್ರೇಲರ್ ಬ್ರೇಕ್ ಮಾತ್ರ ಹಿಡಿಯುವ ಕೈಗುಂಡಿಯನ್ನು ಒತ್ತಿದೆ. ಟ್ರೇಲರ್ ಹಿಂದಕ್ಕೆ ಜಗ್ಗಿ ನೇರವಾಯಿತು. ಆ ಗುಂಡಿ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡೂ ಕೈಗೆ ಗೊತ್ತಿರಬೇಕು. ಆ ಹೊತ್ತಿನಲ್ಲಿ ಹುಡುಕೋಕೆ ಸಮಯ ಸಿಗುವುದಿಲ್ಲ.

ಮನೆಗೆ ಬಂದ ಮೇಲೆ ಟಂಗ್ ವೇಟ್ ತೂಗಿದೆ, ಅಂದರೆ ಟ್ರೇಲರ್‌ನ ಮೂತಿ ಕೂರುವ ಉಕ್ಕಿನ ಗುಂಡು, ಹಿಚ್ ಬಾಲ್, ಅದರ ಮೇಲೆ ಬೀಳುವ ಭಾರ. ನಮ್ಮ ಟ್ರೇಲರ್ ತುಂಬಿದಾಗ 2,400 ಕೆ.ಜಿ. ಮೂತಿಯ ಮೇಲೆ ಬೀಳುತ್ತಿದ್ದದ್ದು ಬರೀ 200 ಕೆ.ಜಿ. ನೂರಕ್ಕೆ ಎಂಟು ಚಿಲ್ಲರೆ ಅಷ್ಟೇ. ಇರಬೇಕಾದದ್ದು 10ರಿಂದ 15. ಎಲ್ಲಿ ಹೋಯಿತು ಭಾರ? ಹಿಂದಿನ ಬಂಪರ್ ಮೇಲೆ ಎರಡು ಸೈಕಲ್ಲು, ಸ್ಟ್ಯಾಂಡ್ ಸೇರಿ 45 ಕೆ.ಜಿ. ಆಕ್ಸಲ್‌ನ ಹಿಂದೆ 120 ಲೀಟರ್ ನೀರಿನ ತೊಟ್ಟಿ, ಪೂರ್ತಿ ತುಂಬಿತ್ತು. ಆಕ್ಸಲ್‌ನ ಹಿಂದೆ ಇಟ್ಟ ಭಾರ ತಕ್ಕಡಿಯ ಹಾಗೆ ಮುಂದಿನ ಮೂತಿಯನ್ನು ಮೇಲೆತ್ತುತ್ತದೆ. ನಮ್ಮ ಆಕ್ಸಲ್‌ನಿಂದ ಬಾಲ್‌ಗೆ 5 ಮೀಟರ್. ಸೈಕಲ್ಲು ಇದ್ದದ್ದು ಆಕ್ಸಲ್‌ನಿಂದ 3 ಮೀಟರ್ ಹಿಂದೆ, ತೊಟ್ಟಿ ಒಂದೂವರೆ ಮೀಟರ್ ಹಿಂದೆ. ಲೆಕ್ಕ ಹಾಕಿದರೆ ಇವೆರಡೇ 63 ಕೆ.ಜಿ. ಕದ್ದಿದ್ದವು. ಸೈಕಲ್ಲು ಪಿಕಪ್ ಒಳಗೆ ಹೋದವು. ನೀರು ತಂಗುವ ಜಾಗದಲ್ಲೇ ತುಂಬಿಸಿಕೊಳ್ಳುವುದು ಎಂದು ತೀರ್ಮಾನವಾಯಿತು. ಟೂಲ್ ಪೆಟ್ಟಿಗೆ ಮುಂದಿನ ಕಪಾಟಿಗೆ ಬಂತು. ಈಗ ಮೂತಿಯ ಮೇಲೆ 280 ಕೆ.ಜಿ.

ಕೆಳಗೆ ಹೇಳುವ ನಾಲ್ಕೂ ಈ ಕೆಲಸ ಆದ ಮೇಲೆ. ಭಾರ ತಪ್ಪು ಜಾಗದಲ್ಲಿದ್ದರೆ ಯಾವ ಸಾಧನ ಹಾಕಿದರೂ ಅದು ರೋಗ ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ. ಟೈರಿನ ಗಾಳಿಯೂ ಹಾಗೇ, ಅದನ್ನು ಮೊದಲು ನೋಡಿ.

ನಾನು ಮೊದಲು ಕೊಂಡದ್ದು ಫ್ರಿಕ್ಷನ್ ಬಾರ್. ನಾಲ್ಕರಲ್ಲಿ ಅಗ್ಗದ್ದು ಇದೇ. ದೊಡ್ಡ ಬಾಲ್ ಪಕ್ಕದಲ್ಲಿ ಒಂದು ಪುಟ್ಟ ಬಾಲ್, ಟ್ರೇಲರ್‌ನ ಚೌಕಟ್ಟಿನ ಮೇಲೆ ಅಲ್ಲಿಂದ ಸುಮಾರು 60 ಸೆಂ.ಮೀ. ಹಿಂದೆ ಇನ್ನೊಂದು. ನಡುವೆ ಜಾರುವ ಉಕ್ಕಿನ ಪಟ್ಟಿ. ಪಟ್ಟಿಯನ್ನು ಬ್ರೇಕ್ ಪ್ಯಾಡಿನಂಥ ತುಂಡುಗಳು ಎರಡೂ ಕಡೆಯಿಂದ ಹಿಸುಕುತ್ತವೆ. ಟ್ರೇಲರ್ ತಿರುಗಬೇಕಾದರೆ ಆ ಹಿಡಿತವನ್ನು ಮೀರಿ ಪಟ್ಟಿ ಜಾರಬೇಕು. ಒಣ ರಸ್ತೆಯಲ್ಲಿ, ನೇರ ದಾರಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ಮೊದಲ ಪ್ರಯಾಣದಲ್ಲಿ ನನಗೆ ಖುಷಿಯೇ ಆಗಿತ್ತು.

ತೊಂದರೆ ಕಂಡದ್ದು ಎರಡನೇ ಪ್ರಯಾಣದಲ್ಲಿ. ಮಳೆ ಶುರುವಾಯಿತು, ಜೊತೆಗೆ ಅಡ್ಡಗಾಳಿ. ಈ ಬಾರ್ ಜೊತೆ ಬಂದ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಒದ್ದೆ ರಸ್ತೆ, ಹಿಮ, ಜಲ್ಲಿ ದಾರಿ ಬಂದರೆ ಹಿಡಿ ತಿರುಗಿಸಿ ಬಿಗಿತ ಪೂರ್ತಿ ಸಡಿಲಿಸಬೇಕು. ಕಾರಣವೂ ಸರಿಯಾದದ್ದೇ. ಟೈರಿಗೆ ಹಿಡಿತ ಕಡಿಮೆ ಇರುವ ಕಡೆ ತಿರುವು ಮುಗಿದ ಮೇಲೂ ಬಾರ್ ಗಾಡಿಯನ್ನು ಸೊಟ್ಟಗೇ ಹಿಡಿದಿಟ್ಟರೆ, ನೇರವಾಗಬೇಕಾದ ಗಾಡಿ ಜಾರಿಕೊಂಡು ಹೋಗಬಹುದು. ಆದರೆ ಯೋಚನೆ ಮಾಡಿ. ಗಾಳಿ ಜೋರಾಗಿ ಬೀಸುವುದು ಎಷ್ಟೋ ಸಲ ಮಳೆಯ ಜೊತೆಗೇ ಅಲ್ವಾ? ನನಗೆ ಈ ಸಾಧನ ಬೇಕಾದ ಹೊತ್ತಿಗೇ ಸರಿಯಾಗಿ ಅದನ್ನು ಬಂದ್ ಮಾಡಬೇಕು. ರಸ್ತೆ ಬದಿಗೆ ನಿಲ್ಲಿಸಿ, ಮಳೆಯಲ್ಲಿ ಇಳಿದು, ಹಿಡಿ ಸಡಿಲಿಸಿ ಬಂದೆ. ಆಮೇಲಿನ ಎರಡು ಗಂಟೆ ಓಡಿಸಿದ್ದು 70ರ ವೇಗದಲ್ಲಿ.

ಅದೇ ರಾತ್ರಿ ಇನ್ನೊಂದು ಆಯಿತು. ತಂಗುವ ಜಾಗ ಮುಟ್ಟಿದಾಗ ಕತ್ತಲಾಗಿತ್ತು, ಇನ್ನೂ ಮಳೆ. ಟ್ರೇಲರನ್ನು ಹಿಮ್ಮುಖವಾಗಿ ಬಲಕ್ಕೆ ಒಳಗೆ ಬಿಡಬೇಕಿತ್ತು. ಫ್ರಿಕ್ಷನ್ ಬಾರ್ ಇದ್ದರೆ ರಿವರ್ಸ್ ತೆಗೆಯುವ ಮೊದಲು ಬಾರನ್ನು ಪೂರ್ತಿ ಬಿಚ್ಚಿ ತೆಗೆದಿಡಬೇಕು. ಸಡಿಲಿಸಿದರೆ ಸಾಲದು. ನಮ್ಮ ಬಾರ್ ಇದ್ದದ್ದು ಬಲಕ್ಕೆ. ಗಾಡಿ ಆ ಕಡೆಗೆ ಮಡಚಿಕೊಂಡಾಗ ಪಟ್ಟಿ ಒಳಗೆ ಸರಿಯುತ್ತಾ ಹೋಗಿ ಕೊನೆ ಮುಟ್ಟುತ್ತದೆ. ಆಮೇಲೆ ಹೋಗೋಕೆ ಜಾಗ ಇರುವುದಿಲ್ಲ. ಹಗಲೆಲ್ಲ ಗಾಡಿ ಓಡಿಸಿ ದಣಿದಿದ್ದೆ. ಹೇಗೂ ಸಡಿಲಿಸಿದ್ದೇನೆ ಎಂಬುದು ತಲೆಯಲ್ಲಿ ಕೂತಿತ್ತು, ಬಿಚ್ಚುವುದು ಮರೆತುಹೋಯಿತು. ಕಟಕ್ ಎಂದು ಸದ್ದು ಕೇಳಿ ಇಳಿದು ನೋಡಿದರೆ ಪಟ್ಟಿ ಬಾಗಿತ್ತು, ಪುಟ್ಟ ಬಾಲ್ ಕೂರಿಸಿದ್ದ ಪ್ಲೇಟೂ ಬಾಗಿತ್ತು. ಬೆಳಗ್ಗೆ ಸುತ್ತಿಗೆ ಹಿಡಿದು ಒಂದು ಗಂಟೆ ಒದ್ದಾಡಿದ ಮೇಲೆ ಅದು ಕಳಚಿ ಬಂತು. ಅದನ್ನು ಮತ್ತೆ ಹಾಕಲಿಲ್ಲ.

ಈ ಸಾಧನ ಕೆಟ್ಟದ್ದು ಎನ್ನುವುದಿಲ್ಲ. ಸಣ್ಣ ಟ್ರೇಲರ್, ವರ್ಷಕ್ಕೆ ಎರಡು ಪ್ರಯಾಣ, ಒಣ ರಸ್ತೆ, ರಿವರ್ಸ್ ತೆಗೆಯದೆ ಮುಂದಕ್ಕೇ ಹೊಕ್ಕು ಮುಂದಕ್ಕೇ ಹೊರಡುವ ಜಾಗ ಇದ್ದರೆ ಧಾರಾಳವಾಗಿ ಕೊಳ್ಳಿ. ಪಟ್ಟಿಗೆ ಎಣ್ಣೆ, ಗ್ರೀಸು, ಬಣ್ಣ ಮಾತ್ರ ತಾಗಿಸಬೇಡಿ, ಘರ್ಷಣೆಯೇ ಹೋಗಿಬಿಡುತ್ತದೆ. ನನಗಂತೂ ಅವತ್ತೇ ಒಂದು ವಿಷಯ ಗಟ್ಟಿಯಾಯಿತು. ಮಳೆಗೊಮ್ಮೆ, ರಿವರ್ಸ್‌ಗೊಮ್ಮೆ ನಾನೇ ನೆನಪಿಟ್ಟು ತೆಗೆಯಬೇಕಾದ ಸಾಧನ ನನಗೆ ಬೇಡ. ಒಮ್ಮೆ ಕೊಂಡಿ ಹಾಕಿದರೆ ಇಳಿಸುವವರೆಗೆ ಅದರ ಪಾಡಿಗೆ ಅದು ಕೆಲಸ ಮಾಡುತ್ತಿರಬೇಕು.

ಎರಡನೆಯದು ಎಲೆಕ್ಟ್ರಾನಿಕ್. ಗೆಳತಿಯೊಬ್ಬಳ ಟ್ರೇಲರ್‌ನಲ್ಲಿ ಇತ್ತು, ಒಂದು ವಾರ ಎಳೆದೆ. ಟ್ರೇಲರ್‌ನ ತಳದಲ್ಲಿ ಒಂದು ಪೆಟ್ಟಿಗೆ ಕೂತಿರುತ್ತದೆ. ಓಲಾಟ ಕಂಡರೆ ಎಡ ಚಕ್ರ, ಬಲ ಚಕ್ರದ ಬ್ರೇಕನ್ನು ಬೇರೆ ಬೇರೆಯಾಗಿ ಹಿಡಿದು ಬಾಲವನ್ನು ನೇರ ಮಾಡುತ್ತದೆ. ಕೊಂಡಿ ಹಾಕುವಾಗ ಹೆಚ್ಚಿನ ಕೆಲಸ ಏನೂ ಇಲ್ಲ, ರಿವರ್ಸ್‌ಗೆ ಅಡ್ಡಿಯಿಲ್ಲ. ಈ ವಿಷಯದಲ್ಲಿ ನನಗೆ ತುಂಬಾ ಹಿಡಿಸಿತು. ಒಮ್ಮೆ ಗಾಳಿಗೆ ಬಾಲ ಆಡಿದಾಗ ಅದು ಕೆಲಸ ಮಾಡಿದ್ದೂ ಗೊತ್ತಾಯಿತು, ಹಿಂದಿನಿಂದ ಯಾರೋ ಮೆಲ್ಲಗೆ ಹಿಡಿದೆಳೆದ ಹಾಗೆ. ಆದರೆ ಓಲಾಟ ಶುರುವಾದ ಮೇಲೆ ಅದರ ಕೆಲಸ ಶುರು. ಆ ಮೊದಲ ತೂಗಾಟ ನನ್ನ ಹೊಟ್ಟೆಗೆ ಮುಟ್ಟಿಯೇ ಮುಟ್ಟುತ್ತದೆ. ನಮ್ಮ ಪಿಕಪ್‌ನಲ್ಲೂ ಇಂಥದ್ದೇ ಒಂದು ವ್ಯವಸ್ಥೆ ಮೊದಲಿನಿಂದ ಇದೆ, ಅದು ಪಿಕಪ್‌ನ ಚಕ್ರಗಳ ಬ್ರೇಕ್ ಹಿಡಿಯುತ್ತದೆ. ಎರಡನ್ನೂ ನಾನು ಕೊನೆಯ ಕಾವಲು ಎಂದು ನೋಡುತ್ತೇನೆ. ಟ್ರೇಲರ್ ಬ್ರೇಕ್, ಅದರ ವೈರಿಂಗ್ ಸರಿ ಇಲ್ಲದಿದ್ದರೆ ಆ ಪೆಟ್ಟಿಗೆ ಇದ್ದೂ ಪ್ರಯೋಜನವಿಲ್ಲ.

ಮೂರನೆಯದು ನಾಲ್ಕರಲ್ಲಿ ಎಲ್ಲಕ್ಕಿಂತ ದುಬಾರಿ. ತಿರುಗುವ ಬಿಂದುವನ್ನೇ ಮುಂದಕ್ಕೆ ಸರಿಸುವ ಹಿಚ್. ಜಿಮ್ ಹೆನ್ಸ್ಲಿ ಎಂಬುವರ ವಿನ್ಯಾಸದಿಂದ ಹೆಸರಾದ ಬಗೆ ಇದು. ಓಲಾಟದ ಮೂಲ ಎಲ್ಲಿದೆ ನೋಡಿ. ಬಾಲ್ ಇರುವುದು ಗಾಡಿಯ ಹಿಂದಿನ ಆಕ್ಸಲ್‌ಗಿಂತ ಮೀಟರಿಗೂ ಹೆಚ್ಚು ಹಿಂದೆ. ಟ್ರೇಲರ್ ಅಲ್ಲಿ ಪಕ್ಕಕ್ಕೆ ತಳ್ಳಿದರೆ ಸನ್ನೆಕೋಲು ಹಾಕಿ ಮೀಟಿದ ಹಾಗೆ ಇಡೀ ಗಾಡಿ ತಿರುಗುತ್ತದೆ. ಈ ಹಿಚ್‌ನಲ್ಲಿ ಮುಂದಕ್ಕೆ ಕಿರಿದಾಗುತ್ತಾ ಹೋಗುವ ಎರಡು ತೋಳುಗಳಿವೆ. ಅವುಗಳಿಂದಾಗಿ ಟ್ರೇಲರ್ ಹಿಂದಿನ ಆಕ್ಸಲ್ ಹತ್ತಿರವೇ ಎಲ್ಲೋ ತಿರುಗುತ್ತಿರುವಂತೆ ವರ್ತಿಸುತ್ತದೆ. ಸನ್ನೆಕೋಲಿನ ಉದ್ದವೇ ಕಡಿಮೆಯಾದ ಮೇಲೆ ಮೀಟುವುದು ಹೇಗೆ? ಗೆಳೆಯರೊಬ್ಬರ ಉದ್ದನೆಯ ಟ್ರೇಲರನ್ನು ಇದರಲ್ಲಿ ಎಳೆದೆ. ಲಾರಿಗಳು ಪಕ್ಕದಲ್ಲಿ ಹೋದವು. ಏನೂ ಆಗಲಿಲ್ಲ. ಓಲಾಟ ತಡೆಯುವುದೊಂದನ್ನೇ ನೋಡಿದರೆ ಇದೇ ಗೆದ್ದಿತು, ನನ್ನದೂ ಇದರ ಮುಂದೆ ನಿಲ್ಲುವುದಿಲ್ಲ.

ಆದರೂ ನಾನು ಕೊಳ್ಳಲಿಲ್ಲ. ಹಿಚ್‌ನ ತಲೆ ನಾನೊಬ್ಬಳೇ ಎತ್ತುವಂಥದ್ದಲ್ಲ. ಕೊಂಡಿ ಹಾಕುವಾಗ ಗಾಡಿಯ ಕಡೆಯ ದಪ್ಪ ಕಡ್ಡಿ ಟ್ರೇಲರ್ ಕಡೆಯ ಗೂಡಿಗೆ ಸರಿಯಾದ ಎತ್ತರ, ಸರಿಯಾದ ಓರೆಯಲ್ಲೇ ಹೋಗಬೇಕು. ಸಮತಟ್ಟು ಜಾಗದಲ್ಲಿ ಸುಲಭ. ಏರುಪೇರು ನೆಲದಲ್ಲಿ ಗೆಳೆಯರಿಗೇ ನಾಲ್ಕು ಸಲ ಹಿಂದೆ ಮುಂದೆ ಮಾಡಬೇಕಾಯಿತು. ನಾವು ಇಳಿಯುವುದು ಹೆಚ್ಚಾಗಿ ಅಂಥ ನೆಲದಲ್ಲೇ. ಬೆಲೆಯಂತೂ ನನ್ನ ಈಗಿನ ಹಿಚ್‌ನ ಹಲವು ಪಟ್ಟು.

ಕೊನೆಗೆ ನನ್ನದು. ಎರಡು ಸ್ಪ್ರಿಂಗ್ ಬಾರ್‌ಗಳು ಹಿಚ್ ತಲೆಯಿಂದ ಟ್ರೇಲರ್ ಚೌಕಟ್ಟಿನ ಉದ್ದಕ್ಕೂ ಹಿಂದೆ ಹೋಗಿ ಎಲ್ ಆಕಾರದ ಬ್ರಾಕೆಟ್ ಮೇಲೆ ಕೂರುತ್ತವೆ. ಬಾರ್‌ಗಳು ಬಿಗಿಯಾಗಿ ಬಾಗಿರುವುದರಿಂದ ಮೂತಿಯ ಭಾರದ ಒಂದು ಪಾಲು ಪಿಕಪ್‌ನ ಮುಂದಿನ ಚಕ್ರಕ್ಕೂ ಇನ್ನೊಂದು ಪಾಲು ಟ್ರೇಲರ್‌ನ ಚಕ್ರಕ್ಕೂ ಹೋಗುತ್ತದೆ. ಟ್ರೇಲರ್ ಪಕ್ಕಕ್ಕೆ ತಿರುಗಬೇಕಾದರೆ ಬಾರ್‌ಗಳು ಬ್ರಾಕೆಟ್ ಮೇಲೆ ಉಜ್ಜಿಕೊಂಡು ಜಾರಬೇಕು, ತಲೆಯ ಕಡೆಯೂ ಘರ್ಷಣೆ ಇದೆ. ಹೀಗೆ ನಾಲ್ಕು ಕಡೆ ಹಿಡಿತ. ಒಂದು ಎಚ್ಚರ: ಭಾರ ಹಂಚುವ ಎಲ್ಲ ಹಿಚ್‌ಗಳೂ ಓಲಾಟ ತಡೆಯುವುದಿಲ್ಲ. ಬರೀ ಸರಪಳಿಗೆ ಬಾರ್ ನೇತುಹಾಕುವ ಸಾದಾ ಬಗೆಯಲ್ಲಿ ಈ ಉಜ್ಜಾಟ ಇರುವುದಿಲ್ಲ. ಕೊಳ್ಳುವಾಗ ಕೇಳಿ ನೋಡಿ.

ಮೂತಿಗೆ 280 ಕೆ.ಜಿ. ಬಂದ ಮೇಲೆ ಪಿಕಪ್‌ನ ಹಿಂಭಾಗ ಕುಸಿದು ಮುಂಭಾಗ ಎದ್ದಿತ್ತು. ಮುಂದಿನ ಚಕ್ರದ ಮೇಲಿನ ಅಂಚು 4 ಸೆಂ.ಮೀ. ಮೇಲೆ. ಸ್ಟೀರಿಂಗ್ ಹಗುರವಾಗಿತ್ತು. ಬಾರ್ ಹಾಕಿ ಸರಿ ಮಾಡಿದಾಗ ಆ ಎತ್ತರ ಒಂದೂವರೆ ಸೆಂ.ಮೀ.ಗೆ ಇಳಿಯಿತು. ಎಷ್ಟು ಇಳಿಸಬೇಕು ಎಂಬುದು ನಿಮ್ಮ ಗಾಡಿಯ ಪುಸ್ತಕದಲ್ಲಿರುತ್ತದೆ, ಅದನ್ನೇ ನಂಬಿ. ಮೊದಲ ಸಲ ಈ ಹೊಂದಾಣಿಕೆಗೆ ನಮಗೆ ಅರ್ಧ ದಿನ ಹಿಡಿಯಿತು. ತಲೆಯ ಓರೆ ಬದಲಿಸಲು ವಾಷರ್ ಸೇರಿಸುವುದು, ಕೊಂಡಿ ಹಾಕುವುದು, ಅಳೆಯುವುದು, ಮತ್ತೆ ಬಿಚ್ಚುವುದು. ಇದೊಂದು ಸಲದ ಕೆಲಸ. ಆಮೇಲೆ ಪ್ರತಿ ಸಲ ಟ್ರೇಲರ್‌ನ ಮುಂದಿನ ಜ್ಯಾಕ್‌ನಿಂದ ಮೂತಿ, ಪಿಕಪ್‌ನ ಹಿಂಭಾಗ ಎರಡನ್ನೂ ಎತ್ತಿದರೆ ಬಾರ್‌ಗಳು ಹಗುರವಾಗಿ ಬ್ರಾಕೆಟ್ ಮೇಲೆ ಕೂರುತ್ತವೆ. ಎತ್ತದೆ ಬಲ ಹಾಕಿ ಕೂರಿಸಲು ಹೋಗಬೇಡಿ. ಬಿಗಿತ ಇರುವ ಬಾರ್ ತಪ್ಪಿದರೆ ಕೈ ಮುರಿಯಬಹುದು.

ಸದ್ದು ಮಾಡುತ್ತದೆ, ನಿಜ. ನಿಧಾನ ತಿರುವಿನಲ್ಲಿ ಹಳೇ ಬಾಗಿಲ ಹಾಗೆ ಕಿರುಗುಟ್ಟುತ್ತದೆ. ನನಗೆ ಅಭ್ಯಾಸವಾಗಿದೆ.

ಮಳೆ ಬಂದಾಗ ನಾನು ಇಳಿಯುವುದಿಲ್ಲ. ರಿವರ್ಸ್ ತೆಗೆಯುವಾಗ ಇಳಿಯುವುದಿಲ್ಲ. ಅದೇ ಇಳಿಜಾರಿನಲ್ಲಿ ಮತ್ತೆ ಬಂದೆವು, ಈ ಸಲ 90ರಲ್ಲಿ. ಲಾರಿ ಪಕ್ಕಕ್ಕೆ ಬಂದಾಗ ಗಾಡಿ ಟ್ರೇಲರ್ ಎರಡೂ ಒಟ್ಟಿಗೇ ಒಂದಿಷ್ಟು ಪಕ್ಕಕ್ಕೆ ಸರಿದವು, ಅಲ್ಲಿಗೇ ನಿಂತವು. ಬಾಲ ಆಡಲಿಲ್ಲ.

ಖರ್ಚು ಫ್ರಿಕ್ಷನ್ ಬಾರ್‌ಗಿಂತ ಸಾಕಷ್ಟು ಜಾಸ್ತಿ, ಆ ದುಬಾರಿ ಹಿಚ್‌ಗಿಂತ ತುಂಬಾ ಕಡಿಮೆ. ನಾವು ವರ್ಷಕ್ಕೆ ಆರೇಳು ಸಲ ಹೊರಡುತ್ತೇವೆ, ಓಡಿಸುವುದು ನಾನೇ, ಬಹಳ ಸಲ ತಲುಪುವುದು ಕತ್ತಲಾದ ಮೇಲೆ. ಆ ಲೆಕ್ಕಕ್ಕೆ ಇದು ಸರಿಹೋಯಿತು. ತಿಂಗಳುಗಟ್ಟಲೆ ರಸ್ತೆಯಲ್ಲೇ ಇರುವವರು, ತುಂಬಾ ಉದ್ದದ ಟ್ರೇಲರ್ ಇರುವವರು ಮೂರನೆಯದಕ್ಕೆ ಹಣ ಕೂಡಿಡಬಹುದು. ಗೆಳತಿಯ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ನಾನೂ ಒಂದು ದಿನ ಈ ಹಿಚ್ ಜೊತೆಗೆ ಸೇರಿಸುತ್ತೇನೆ. ಅದಕ್ಕೂ ಮೊದಲು ಟ್ರೇಲರ್ ಬ್ರೇಕ್‌ನ ಹಳೇ ವೈರು ಬದಲಿಸಬೇಕು. ಬರುವ ಪ್ರಯಾಣಕ್ಕೆ ಮುಂಚೆ ಆ ಕೆಲಸ ಹಿಡಿದಿದ್ದೇನೆ.