ಟೈಲ್ಸ್ ಹಾಕಿಸುವ ಮುಂಚೆ ಕೆಳಗಿನ ಕಾಂಕ್ರೀಟ್ ನೋಡಿಕೊಳ್ಳಿ

ದಾವಣಗೆರೆಯಲ್ಲಿ ಈಗ ಯಾವ ಬಡಾವಣೆಗೆ ಹೋದರೂ ಹೊಸ ಮನೆಗಳು ಏಳುತ್ತಿವೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗೃಹಪ್ರವೇಶವಾಗಿ ವರ್ಷ ತುಂಬುವ ಮೊದಲೇ ನಮ್ಮ ಹಾಲ್‌ನ ಟೈಲ್ಸ್ ಎದ್ದವು. ಏಪ್ರಿಲ್ ಮಧ್ಯಾಹ್ನ ಫಟ್ ಅಂತ ಸದ್ದಾಯಿತು, ಬಂದು ನೋಡಿದರೆ ಎರಡು ಸಾಲು ಟೈಲ್ಸ್ ಒಂದಕ್ಕೊಂದು ಒರಗಿ ಗುಡಾರದ ಹಾಗೆ ನಿಂತಿದ್ದವು. ಗುತ್ತಿಗೆದಾರರು ಬಂದು, "ಬಿಸಿಲಿಗೆ ಹಂಗೇ ಆಗುತ್ತೆ, ಟೈಲ್ಸ್ ಸರಿ ಇಲ್ಲ" ಅಂದು ಹೊರಟರು. ಬಿಸಿಲಿಗೆ ಟೈಲ್ಸ್ ಹಿಗ್ಗುವುದು ನಿಜ. ಆದರೆ ಕೆಳಗೆ ಗಟ್ಟಿಯಾಗಿ ಕಚ್ಚಿಕೊಂಡ ಟೈಲ್ಸ್ ಅಷ್ಟಕ್ಕೆಲ್ಲ ಏಳುವುದಿಲ್ಲ.

ಒಂದನ್ನು ತಿರುಗಿಸಿ ನೋಡಿದೆ. ಹಿಂಬದಿಯ ಚೌಕಳಿ ಗೆರೆಗಳಲ್ಲಿ ಫ್ಯಾಕ್ಟರಿಯ ಬಿಳಿ ಪುಡಿ ಹಾಗೇ ಇತ್ತು, ಸಿಮೆಂಟ್ ಹಿಡಿದೇ ಇರಲಿಲ್ಲ. ಕೆಳಗಿನ ಗಾರೆಯನ್ನು ಗಾಡಿ ಕೀಲಿಯಿಂದ ಕೆರೆದರೆ ಪುಡಿ ಉದುರಿತು. ಆ ಗಾರೆಯನ್ನೂ ಎತ್ತಿದಾಗ ಬೆಡ್ ಕಾಂಕ್ರೀಟ್ ಮೇಲೆ ಕಂಡದ್ದು ಗೋಡೆ ಪ್ಲಾಸ್ಟರ್ ಮಾಡುವಾಗ ಬಿದ್ದು ಒಣಗಿದ ಗಾರೆಯ ಬಿಲ್ಲೆಗಳು, ಪುಟ್ಟಿ ಪುಡಿ, ಬಣ್ಣದ ಕಲೆ, ಚಪ್ಪಟೆಯಾದ ಒಂದು ಬೀಡಿ ಕಟ್ಟು. ಹಾಲ್ ತುಂಬಾ ಹಾಕಿದ್ದ ಸ್ಕ್ರೀಡ್, ಅಂದರೆ ಟೈಲ್ಸ್ ಕೆಳಗೆ ನೆಲ ಮಟ್ಟ ಮಾಡಲು ಹಾಕುವ ಗಾರೆ ಪದರ, ಈ ಕಸದ ಮೇಲೆ ಕೂತಿತ್ತು.

ಎಲ್ಲಿ ಕೆಟ್ಟಿದೆ ಅಂತ ಬಿಡಿಸಿ ಹೇಳಿದವರು ರಿಪೇರಿಗೆ ಬಂದ ಹಿರಿಯ ಮೇಸ್ತ್ರಿ. ಕಾಂಕ್ರೀಟ್ ಹಾಕಿ ತಿಕ್ಕುವಾಗ ನೀರಿನ ಜೊತೆ ಸಿಮೆಂಟ್ ಹಾಲು ಮೇಲೆ ಬಂದು ತೆಳ್ಳನೆ ಪದರ ಕಟ್ಟುತ್ತದೆ. ನೋಡಲು ನುಣ್ಣಗಿರುತ್ತದೆ, ಬಲ ಇರುವುದಿಲ್ಲ. ಅದರ ಮೇಲೆ ಹಾಕಿದ್ದು ಆ ಪದರದ ಸಮೇತ ಕಿತ್ತು ಬರುತ್ತದೆ. ಹಾಗಾಗಿ ಮೊದಲು ಉಳಿಯಲ್ಲಿ ಚಚ್ಚು ಹೊಡೆದು ಕಾಂಕ್ರೀಟನ್ನು ಒರಟು ಮಾಡಬೇಕು. ತಂತಿ ಬ್ರಷ್‌ನಲ್ಲಿ ಉಜ್ಜಿ, ಗುಡಿಸಿ, ತೊಳೆದು, ರಾತ್ರಿಯಿಡೀ ನೆನೆಯಲು ಬಿಡಬೇಕು. ಬೆಳಿಗ್ಗೆ ನೆಲ ಒದ್ದೆ ಇರಬೇಕು, ಆದರೆ ನೀರು ನಿಂತಿರಬಾರದು. ಆಮೇಲೆ ಸಿಮೆಂಟ್ ಸ್ಲರಿ (ನೀರಲ್ಲಿ ತೆಳ್ಳಗೆ ಕಲಸಿದ ಸಿಮೆಂಟ್) ಬಳಿದು, ಅದು ಹಸಿ ಇರುವಾಗಲೇ ಸ್ಕ್ರೀಡ್ ಹಾಕಬೇಕು. ಹಾಲ್‌ಗೆಲ್ಲ ಒಂದೇ ಸಲ ಸ್ಲರಿ ಸುರಿದು ಊಟಕ್ಕೆ ಹೋದರೆ ಅದು ಒಣಗಿ, ಹಿಡಿಸುವ ಬದಲು ಬೇರ್ಪಡಿಸುತ್ತದೆ. ನಮ್ಮಲ್ಲಿ ಇದ್ಯಾವುದೂ ನಡೆದಿರಲಿಲ್ಲ. ಕೆಲಸದವರಿಗಿಂತ ಹೆಚ್ಚಾಗಿ ಅವರನ್ನು ಓಡಿಸಿದವರ ಮೇಲೆ ನನಗೆ ಸಿಟ್ಟಿದೆ.

ಸ್ಕ್ರೀಡ್‌ಗೆ ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು ಇರಲಿ. ಎಂ ಸ್ಯಾಂಡ್ ಆದರೆ ಒಂದು ಹಿಡಿ ಲೋಟದ ನೀರಿಗೆ ಹಾಕಿ ಕಲಕಿ ಬಿಡಿ. ಮೇಲೆ ದಪ್ಪ ಧೂಳಿನ ಪದರ ನಿಂತರೆ ಆ ಲೋಡ್ ವಾಪಸ್ ಕಳಿಸಿ.

ನೀರುಣಿಸುವುದರಲ್ಲಿ ಮಾತ್ರ ಯಾರ ಮಾತಿಗೂ ಬಗ್ಗಬೇಡಿ. ನಮ್ಮೂರಿನ ಬಿಸಿಲಿಗೆ ತೆಳ್ಳನೆ ಸ್ಕ್ರೀಡ್ ಸಂಜೆಯೊಳಗೆ ಬೆಳ್ಳಗಾಗುತ್ತದೆ, ನೀರು ಆರಿಹೋದರೆ ಸಿಮೆಂಟ್ ಬಲ ಪಡೆಯುವುದು ಅಲ್ಲಿಗೇ ನಿಂತುಹೋಗುತ್ತದೆ. ಕಾಂಕ್ರೀಟಿಗೆ ಕನಿಷ್ಠ 7 ದಿನ, ಒಣ ಬಿಸಿ ಹವೆಯಲ್ಲಿ 10 ದಿನ ಕ್ಯೂರಿಂಗ್ (ನೀರುಣಿಸುವುದು) ಬೇಕು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಸ್ಕ್ರೀಡ್‌ಗೂ ಅಷ್ಟೇ ಗೌರವ ಕೊಡಿ. ಗೋಣಿಚೀಲ ಹಾಸಿ ಒದ್ದೆ ಇಡಿ. ಆಮೇಲೆ ಒಣಗಲೂ ಬಿಡಬೇಕು, ಏಕೆಂದರೆ ಸ್ಕ್ರೀಡ್ ಒಣಗುತ್ತಾ ಕುಗ್ಗುತ್ತದೆ. ಅವಸರದಲ್ಲಿ ಟೈಲ್ಸ್ ಕೂರಿಸಿದರೆ ಆ ಕುಗ್ಗುವ ಎಳೆತ ಪೂರ್ತಿ ಟೈಲ್ಸ್ ಮೇಲೆ ಬೀಳುತ್ತದೆ. "ಮುಹೂರ್ತ ಹತ್ತಿರ ಬಂತಲ್ಲ ಸಾರ್" ಅಂತ ನಮ್ಮ ಗುತ್ತಿಗೆದಾರರು ಮರುದಿನವೇ ಟೈಲ್ಸ್ ಇಳಿಸಿದ್ದರು.

ಕೂರಿಸುವ ಮುಂಚೆ ನೀವೇ ನೆಲದ ಮೇಲೆ ಓಡಾಡಿ ನೋಡಿ. ಮೊಳೆಯಿಂದ ಗೀಚಿದರೆ ಗೆರೆ ಬೀಳಬೇಕೇ ಹೊರತು ಗುಂಡಿ ಬೀಳಬಾರದು. ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆ ಒಡೆಸಿ ಮತ್ತೆ ಹಾಕಿಸಿ. ಎರಡು ಮೀಟರ್ ಅಲ್ಯೂಮಿನಿಯಂ ಪಟ್ಟಿ ಇಟ್ಟರೆ ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಆ ತಗ್ಗನ್ನು ಟೈಲ್ಸ್ ಗಮ್‌ನಲ್ಲಿ ತುಂಬುತ್ತೇವೆ ಅಂದರೆ ಒಪ್ಪಬೇಡಿ.

ವಿಟ್ರಿಫೈಡ್ ಟೈಲ್ಸ್ ಶೇ 0.5ರಷ್ಟೂ ನೀರು ಹೀರುವುದಿಲ್ಲ, ಬರೀ ಸಿಮೆಂಟ್ ಹಾಲಿಗೆ ಅದು ಅಂಟಲಾರದು. ಚೀಲದ ಮೇಲೆ ಐಎಸ್ 15477 ಅಂತಿರುವ ಅಂಟನ್ನೇ ಹಲ್ಲಿನ ಕರಣೆಯಲ್ಲಿ ಬಳಿಸಿ, ಹಿಂಬದಿಯ ಬಿಳಿ ಪುಡಿ ಒರೆಸಿಸಿ. ಟೈಲ್ಸ್ ನಡುವೆ ಸಂದು ಬಿಡಿಸುವ 2 ಮಿ.ಮೀ. ಸ್ಪೇಸರ್ ಇರಲಿ, ಗೋಡೆಯಂಚಿನಲ್ಲಿ ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಮುಚ್ಚುವಷ್ಟು ಜಾಗ ಬಿಡಿಸಿ. ನಮ್ಮ ಟೈಲ್ಸ್ ಗೋಡೆಗೆ ಒತ್ತಿಕೊಂಡಿದ್ದವು, ಹಿಗ್ಗಲು ಜಾಗವೇ ಇರಲಿಲ್ಲ.

ಎರೆಭೂಮಿ ಸೈಟಿನವರಿಗೆ ಇನ್ನೊಂದು ಮಾತು. ಪಾಯದಲ್ಲಿ ಅಗೆದ ಕಪ್ಪು ಮಣ್ಣನ್ನೇ ಒಳಗೆ ತುಂಬಲು ಬಿಡಬೇಡಿ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಮೇಲಿನ ಸ್ಕ್ರೀಡ್ ಎಷ್ಟು ಚೆನ್ನಾಗಿದ್ದರೂ ಬಿರುಕು ಬಿಡುತ್ತದೆ. ಗರಸು ತರಿಸಿ, ಅರ್ಧ ಅಡಿಗೊಮ್ಮೆ ನೀರು ಹಾಕಿ ದಮ್ಮಸು ಮಾಡಿಸಿ.

ಒಪ್ಪಂದದಲ್ಲಿ "ಟೈಲ್ಸ್ ಕೆಲಸ" ಅಂತ ಒಂದೇ ಸಾಲು ಇದ್ದರೆ ಸಾಲದು. ಚಚ್ಚು ಹೊಡೆಯುವುದು, ಸ್ಲರಿ, ಸ್ಕ್ರೀಡ್, ಕ್ಯೂರಿಂಗ್ ಎಲ್ಲ ಬೇರೆ ಬೇರೆ ಬರೆಸಿ, ಸ್ಕ್ರೀಡ್ ಪರೀಕ್ಷೆ ಆದ ಮೇಲೆಯೇ ಆ ಕಂತಿನ ಹಣ ಕೊಡಿ. ಎರಡು ಪೆಟ್ಟಿಗೆ ಟೈಲ್ಸ್ ಹೆಚ್ಚಿಗೆ ತೆಗೆದಿಡಿ, ಆಮೇಲೆ ಅದೇ ಶೇಡ್ ಸಿಗುವುದು ಕಷ್ಟ. ಈಗಾಗಲೇ ಟೈಲ್ಸ್ ಹಾಕಿಸಿದವರು ಇವತ್ತೇ ನಾಣ್ಯದಿಂದ ಒಂದೊಂದನ್ನೂ ತಟ್ಟಿ, ಟೊಳ್ಳಿರುವ ಕಡೆ ಸೀಮೆಸುಣ್ಣದ ಗುರುತು ಹಾಕಿ ಫೋಟೋ ತೆಗೆಯಿರಿ. ಬಾಕಿ ಹಣ ನಿಮ್ಮ ಕೈಯಲ್ಲಿರುವಾಗಲೇ ಗುತ್ತಿಗೆದಾರರನ್ನು ಕರೆಸಿ ತೋರಿಸಿ.